ಅಂಗೈ ಮೇಲೆ ಮಿಗ್-21: ಕಿಟ್ ಜೋಡಿಸಿ ಬಣ್ಣ ಹಚ್ಚುವ ಬಗೆ

1963ರಲ್ಲಿ ಭಾರತೀಯ ವಾಯುಪಡೆಗೆ ಸೇರಿ, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಿವೃತ್ತಿಯಾದ ಮಿಗ್-21, ಗುಂಪಾಗಿ ಕೂತು ಸ್ಕೇಲ್ ಮಾಡೆಲ್ (ನಿಜ ವಿಮಾನದ ಅಳತೆ ಕುಗ್ಗಿಸಿದ ಪ್ಲಾಸ್ಟಿಕ್ ಪ್ರತಿಕೃತಿ) ಕಟ್ಟುವವರಿಗೆ ಹೇಳಿ ಮಾಡಿಸಿದ ವಿಮಾನ. ಆಕಾರ ಸರಳ, ಕಿಟ್‌ಗಳು ಸಿಗುತ್ತವೆ, ಬಣ್ಣಕ್ಕೂ ಆಯ್ಕೆಗಳಿವೆ: ಬರಿಯ ಲೋಹದ ಹೊಳಪು, ಹಸಿರು-ಕಂದು ಮರೆಮಾಚು ಬಣ್ಣ, ಕೊನೆಯ ವರ್ಷಗಳ ತಿಳಿ ಬೂದು. ಆದರೂ ಅರ್ಧ ದಾರಿಯಲ್ಲಿ ಕೆಟ್ಟು ಡಬ್ಬಿ ಸೇರುವ ಮಾಡೆಲ್‌ಗಳಿಗೆ ಲೆಕ್ಕವಿಲ್ಲ. ಬಹುಪಾಲು ಕೆಡುವುದು ದ್ರಾವಕದ, ಅಂದರೆ ಬಣ್ಣ-ಅಂಟುಗಳನ್ನು ಕರಗಿಸುವ ದ್ರವದ, ಲೆಕ್ಕ ತಪ್ಪಿ. ಅಂಟು, ಪ್ರೈಮರ್ (ಬಣ್ಣಕ್ಕೆ ಮೊದಲಿನ ತಳಪದರ), ಬಣ್ಣ, ಮೆರುಗು, ವಾಶ್ (ಗೆರೆಗಳಿಗೆ ಇಳಿಯುವ ತೆಳು ಬಣ್ಣ) ಎಲ್ಲವೂ ಒಂದರ ಮೇಲೊಂದು ಕೂರುವ ಪದರಗಳು. ಮೇಲಿನದು ಕೆಳಗಿನದನ್ನು ಕರಗಿಸಬಾರದು. ಇಷ್ಟು ತಿಳಿದರೆ ಉಳಿದದ್ದು ಕೈ ಪಳಗಿದಂತೆ ಬರುತ್ತದೆ.

ಮೊದಲು ಯಾವ ಮಿಗ್ ಎಂದು ಗೊತ್ತುಮಾಡಿ

ನಮ್ಮ ವಾಯುಪಡೆಯ ಲೆಕ್ಕದಲ್ಲಿ ಟೈಪ್-77 ಎಂದರೆ ಎಫ್‌ಎಲ್, ಟೈಪ್-96 ಎಂದರೆ ಎಂ, ಟೈಪ್-75 ಎಂದರೆ ಬಿಸ್. ಇವು ದೂರದಿಂದ ಒಂದೇ ಥರ ಕಂಡರೂ ಕಿಟ್ ಮಟ್ಟಿಗೆ ಬೇರೆ ಬೇರೆ ವಿಮಾನಗಳು. ಎಫ್‌ಎಲ್‌ನ ಬೆನ್ನು ಸಣಕಲು, ಕಾಕ್‌ಪಿಟ್ ಗಾಜು ಮುಂದಕ್ಕೆ ಮಗುಚಿ ತೆರೆಯುತ್ತದೆ, ರೆಕ್ಕೆಯ ಕೆಳಗೆ ಕ್ಷಿಪಣಿ, ಬಾಂಬು ತೂಗಿಸುವ ತೂಗುಕಂಬ ಎರಡೇ. ಬಿಸ್‌ನ ಬೆನ್ನು ದಪ್ಪ, ಗಾಜು ಬಲಕ್ಕೆ ತೆರೆಯುತ್ತದೆ, ತೂಗುಕಂಬ ನಾಲ್ಕು. ಎಫ್‌ಎಲ್‌ಗೆ ಒಳಗೆ ಫಿರಂಗಿ ಇರಲಿಲ್ಲ; 1971ರ ಯುದ್ಧದ ವಿಮಾನ ಮಾಡುವುದಾದರೆ ಹೊಟ್ಟೆಯ ಕೆಳಗೆ ತೂಗುವ ಜಿಪಿ-9 ಗನ್ ಪಾಡ್ ನಿಮ್ಮ ಡಬ್ಬಿಯಲ್ಲಿದೆಯೇ ನೋಡಿಕೊಳ್ಳಿ. ಬಿಸ್ ಅನ್ನೇ ಮೇಲ್ದರ್ಜೆಗೇರಿಸಿದ ಬೈಸನ್ ಮಾಡಬೇಕೆಂದರೆ ಸಾದಾ ಬಿಸ್ ಕಿಟ್ ಸಾಲದು. ಅದರ ಮುಂಗಾಜು ಕಂಬಿಗಳಿಲ್ಲದ ಒಂದೇ ತುಂಡು, ಜೊತೆಗೆ ಹೊಸ ಆಂಟೆನಾಗಳಿವೆ. ಸಂಖ್ಯೆಯೂ ‘ಸಿಯು’ ಎಂದು ಶುರುವಾಗುತ್ತದೆ.

ಅಳತೆಯ ಲೆಕ್ಕ ಸುಲಭ: 1/72 ಕಿಟ್ ಎಂದರೆ ನಿಜ ವಿಮಾನದ 72ರಲ್ಲಿ ಒಂದು ಪಾಲು. ಬಿಸ್‌ನ ರೆಕ್ಕೆಯ ಹರವು 7.15 ಮೀಟರ್. ಅದನ್ನು 72ರಿಂದ ಭಾಗಿಸಿದರೆ 99 ಮಿಲಿಮೀಟರ್, 48ರಿಂದ ಭಾಗಿಸಿದರೆ 149. ಜ್ವೆಜ್ದಾ ಕಂಪನಿಯ 1/72 ಬಿಸ್, ಎಡ್ವರ್ಡ್‌ನ 1/48 ಬಿಸ್ ಎರಡೂ ಪೇಟೆಯಲ್ಲಿ ಹೆಸರು ಮಾಡಿದವು. ಎಡ್ವರ್ಡ್‌ನದು ವಿವರದಲ್ಲಿ ಶ್ರೀಮಂತ, ಬಿಡಿಭಾಗಗಳೂ ಹೆಚ್ಚು. ಹೊಸಬರು 1/72ರಿಂದ ಶುರುಮಾಡುವುದು ಒಳ್ಳೆಯದು, ತಪ್ಪು ಅಗ್ಗವಾಗುತ್ತದೆ.

ಒಟ್ಟಾಗಿ ಕೊಳ್ಳುವುದು

ಮೂರು-ನಾಲ್ಕು ಜನ ಸೇರಿದರೆ ಏರ್‌ಬ್ರಷ್‌ಗೆ (ಗಾಳಿಯೊತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಗಾಳಿ ಕೊಡುವ ಕಂಪ್ರೆಸರ್ ಒಂದೇ ಸಾಕು. ಒಂದು ಬಾಟಲಿ ಪ್ರೈಮರ್ ಎಲ್ಲರಿಗೂ ಆಗುತ್ತದೆ. ವಾಯುಪಡೆಯ ಗುರುತುಗಳಿರುವ ಡಿಕಾಲ್ (ನೀರಲ್ಲಿ ಅದ್ದಿ ಅಂಟಿಸುವ ಚಿತ್ರ) ಹಾಳೆಯಲ್ಲಿ ಹಲವು ವಿಮಾನಗಳ ಸಂಖ್ಯೆಗಳಿರುವುದರಿಂದ ಹಂಚಿಕೊಳ್ಳಲು ಅನುಕೂಲ. ನಿಪ್ಪರ್, ಬ್ಲೇಡ್ ಚಾಕು, ಚಿಮಟ ಮಾತ್ರ ಪ್ರತಿಯೊಬ್ಬರಿಗೂ ಸ್ವಂತದ್ದಿರಲಿ. ಹಂಚಿಕೊಂಡ ನಿಪ್ಪರ್‌ನಲ್ಲಿ ಯಾರಾದರೊಬ್ಬರು ತಂತಿ ಕತ್ತರಿಸಿಯೇ ತೀರುತ್ತಾರೆ.

ಲ್ಯಾಕರ್ (ತೀಕ್ಷ್ಣ ದ್ರಾವಕದ) ಬಣ್ಣ, ಬಣ್ಣ ತೆಳುಮಾಡುವ ಥಿನ್ನರ್, ಸ್ಪ್ರೇ ಡಬ್ಬಿ ಹೊತ್ತಿಕೊಳ್ಳುವ ಸಾಮಾನು. ವಿಮಾನದ ಪಾರ್ಸೆಲ್‌ನಲ್ಲಿ ಸುಲಭಕ್ಕೆ ಬರುವುದಿಲ್ಲ. ಹಾಗಾಗಿ ಕಿಟ್ ಹೊರದೇಶದಿಂದ ತರಿಸಿದರೂ ಬಣ್ಣವನ್ನು ದೇಶದೊಳಗಿನ ಹವ್ಯಾಸಿ ಅಂಗಡಿಗಳಿಂದಲೇ ಕೊಳ್ಳಬೇಕಾಗುತ್ತದೆ. ಕೆಲವು ಸಾಮಾನು ಊರಲ್ಲೇ ಅಗ್ಗ: 400ರಿಂದ 2000 ಗ್ರಿಟ್‌ವರೆಗಿನ ವಾಟರ್ ಪೇಪರ್ ಕಾರು ಪೇಂಟಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಸಣ್ಣ ಭಾಗಗಳನ್ನು ಹಿಡಿದು ಬಣ್ಣ ಹೊಡೆಯಲು ಬಿದಿರು ಕಡ್ಡಿಯ ತುದಿಗೆ ಮೊಸಳೆ ಕ್ಲಿಪ್ ಸಿಕ್ಕಿಸಿದರೆ ಸಾಕು. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಮಾತ್ರ ಏರ್‌ಬ್ರಷ್ ತೊಳೆಯುವುದಕ್ಕೆ ಮೀಸಲಿರಲಿ. ಪ್ಲಾಸ್ಟಿಕ್ ಮೇಲೆ ಬಿದ್ದರೆ ಮೇಲ್ಮೈ ಕರಗಿ ಗೀಟುಗಳೆಲ್ಲ ಅಳಿಸಿಹೋಗುತ್ತವೆ. ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಕಥೆಯೂ ಅದೇ.

ಕತ್ತರಿಸಿ, ಒಣಗೂಡಿಸಿ, ಆಮೇಲೆ ಅಂಟು

ಬಿಡಿಭಾಗಗಳ ಚೌಕಟ್ಟನ್ನು ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆದು ನೆರಳಲ್ಲಿ ಆರಿಸಿ. ಅಚ್ಚಿನಿಂದ ಬಂದ ಎಣ್ಣೆ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ. ಭಾಗವನ್ನು ಚೌಕಟ್ಟಿನಿಂದ ಎರಡು ಸಲಕ್ಕೆ ಬಿಡಿಸಿ: ಮೊದಲು ದೂರಕ್ಕೆ ಕತ್ತರಿಸಿ, ಆಮೇಲೆ ಉಳಿದ ಮೊಳಕೆಯನ್ನು ಹತ್ತಿರದಿಂದ ತೆಗೆದು 600, 1000 ಪೇಪರ್‌ನಲ್ಲಿ ಉಜ್ಜಿ. ಒಂದೇ ಏಟಿಗೆ ಹತ್ತಿರ ಕತ್ತರಿಸಿದರೆ ಪ್ಲಾಸ್ಟಿಕ್ ಕಿತ್ತು ಗುಳಿ ಬೀಳುತ್ತದೆ.

ಮಿಗ್-21ರಲ್ಲಿ ಒಡಲಿನ ಎರಡು ಹೋಳು ಮುಚ್ಚುವ ಮೊದಲು ಒಳಗೆ ಹೋಗಬೇಕಾದದ್ದು ತುಂಬ ಇದೆ: ಕಾಕ್‌ಪಿಟ್, ಮೂಗಿನ ಗಾಲಿಯ ಗೂಡು, ಗಾಳಿ ಒಳಹೋಗುವ ಬಾಯಿಯ ಶಂಕು, ಹಿಂದಿನ ಹೊಗೆಕೊಳವೆ. ಕಾಕ್‌ಪಿಟ್‌ನ ನೀಲಿ-ಹಸಿರು ಸೋವಿಯತ್ ವಿಮಾನಗಳ ಗುರುತೇ ಆಗಿಬಿಟ್ಟಿದೆ. ಅದನ್ನು ಮೊದಲೇ ಬಳಿದು, ಒಣಗಿಸಿ, ಕೂರಿಸಿ.

ಮೂಗಿನ ಭಾರವನ್ನು ಮರೆತರೆ ಮುಗಿದ ಮಾಡೆಲ್ ಬಾಲದ ಮೇಲೆ ಕೂತುಬಿಡುತ್ತದೆ. ಎಷ್ಟು ಭಾರ ಬೇಕೆಂದು ಊಹಿಸಬೇಡಿ. ಒಡಲು, ರೆಕ್ಕೆ, ಬಾಲವನ್ನು ಅಂಟಿಲ್ಲದೆ ಮಾಸ್ಕಿಂಗ್ ಟೇಪ್‌ನಿಂದ ಜೋಡಿಸಿ, ದೊಡ್ಡ ಗಾಲಿಗಳು ಬರುವ ಜಾಗದ ಕೆಳಗೆ ಪೆನ್ಸಿಲ್ ಅಡ್ಡ ಇಟ್ಟು ತೂಗಿ. ಮೂಗಿನ ಮೇಲೆ ಮೀನುಗಾಳದ ಸೀಸದ ಗುಂಡುಗಳನ್ನು ಒಂದೊಂದಾಗಿ ಇಡುತ್ತ ಹೋಗಿ. ಮೂಗು ಕೆಳಗಿಳಿದ ಮೇಲೆ ಇನ್ನೊಂದೆರಡು ಹೆಚ್ಚಿಗೆ ಸೇರಿಸಿ. ಗಾಲಿಕಾಲು, ಕ್ಷಿಪಣಿ, ಬಣ್ಣ ಎಲ್ಲವೂ ಆಮೇಲೆ ತೂಕ ಕೂಡಿಸುತ್ತವೆ. ಗುಂಡುಗಳನ್ನು ಶಂಕುವಿನ ಒಳಗೂ ಕಾಕ್‌ಪಿಟ್‌ನ ಮುಂದೆಯೂ ಅರಾಲ್ಡೈಟ್‌ನಿಂದ ಹಿಡಿಸಿ. ಫೆವಿಕಾಲ್ ಥರದ ಬಿಳಿ ಅಂಟು ಇಲ್ಲಿ ಬೇಡವೇ ಬೇಡ: ಸೀಸ ಅದರ ಜೊತೆ ನಿಧಾನವಾಗಿ ಬೆರೆತು ಬಿಳಿ ಪುಡಿಯಾಗಿ ಉಬ್ಬುತ್ತದೆ, ಕೆಲವು ವರ್ಷಗಳ ನಂತರ ಮೂಗಿನ ಜೋಡಣೆಯನ್ನೇ ಸೀಳುತ್ತದೆ.

ಒಡಲು ಮುಚ್ಚಲು ಟಮಿಯಾ ಎಕ್ಸ್‌ಟ್ರಾ ಥಿನ್‌ನಂಥ ತೆಳು ಸಿಮೆಂಟ್ ಬೇಕು. ಹೋಳುಗಳನ್ನು ಒತ್ತಿ ಹಿಡಿದು ಬ್ರಷ್‌ನ ತುದಿಯನ್ನು ಬಿರುಕಿಗೆ ಮುಟ್ಟಿಸಿದರೆ ಅಂಟು ತಾನೇ ಒಳಗೆ ಹರಿಯುತ್ತದೆ. ಹತ್ತು ಸೆಕೆಂಡ್ ಬಿಟ್ಟು ಮತ್ತೆ ಮೆಲ್ಲಗೆ ಒತ್ತಿ. ಕರಗಿದ ಪ್ಲಾಸ್ಟಿಕ್ ಸಣ್ಣ ಮಣಿಯಂತೆ ಗೀಟಿನುದ್ದಕ್ಕೂ ಹೊರಬರಬೇಕು. ಅದೇ ನಿಮ್ಮ ಪುಟ್ಟಿ. ಒಂದು ದಿನ ಪೂರ್ತಿ ಬಿಟ್ಟು ಉಜ್ಜಿ. ಅದೇ ಸಂಜೆ ಉಜ್ಜಿದರೆ ಮೆತ್ತಗಿನ ಪ್ಲಾಸ್ಟಿಕ್ ಒಣಗುತ್ತ ಕುಗ್ಗಿ, ಬಣ್ಣ ಹಚ್ಚಿದ ಮೇಲೆ ಬೆನ್ನ ಮೇಲೆ ಗೆರೆಯಾಗಿ ತೋರುತ್ತದೆ. ಉಜ್ಜುವಾಗ ಅಳಿಸಿದ ಪ್ಯಾನೆಲ್ ಗೆರೆಗಳನ್ನು ಸೂಜಿಯಿಂದ, ಗಟ್ಟಿ ಟೇಪನ್ನು ಅಳತೆಪಟ್ಟಿಯಂತೆ ಅಂಟಿಸಿಕೊಂಡು, ಮತ್ತೆ ಕೊರೆಯಿರಿ.

ರೆಕ್ಕೆಗಳು ಮಟ್ಟಸವಾಗಿರಬಾರದು. ಮಿಗ್-21ರ ರೆಕ್ಕೆ ತುದಿಯತ್ತ 2 ಡಿಗ್ರಿ ಕೆಳಕ್ಕೆ ಬಾಗಿರುತ್ತದೆ. ಅಂಟು ಹಸಿ ಇರುವಾಗಲೇ ವಿಮಾನವನ್ನು ಎದುರಿನಿಂದ ನೋಡಿ, ಎರಡೂ ತುದಿ ಮೇಜಿನಿಂದ ಒಂದೇ ಎತ್ತರದಲ್ಲಿವೆಯೇ ಅಳೆಯಿರಿ. ಇದನ್ನು ಪಕ್ಕದಲ್ಲಿ ಕೂತ ಗೆಳೆಯನ ಕೈಗೆ ಕೊಡಿ. ತಾನು ಹಿಡಿದ ಮಾಡೆಲ್‌ನ ಸೊಟ್ಟ ತನ್ನ ಕಣ್ಣಿಗೆ ಕಾಣುವುದಿಲ್ಲ.

ಕಾಕ್‌ಪಿಟ್ ಗಾಜನ್ನು ಫೆವಿಕ್ವಿಕ್ ಥರದ ಅಂಟಿನಿಂದ ಕೂರಿಸಿದರೆ ಅದರ ಆವಿ ಗಾಜಿನ ಒಳಮೈಯನ್ನು ಬೆಳ್ಳಗೆ ಮಂಕಾಗಿಸುತ್ತದೆ. ಅದನ್ನು ಒರೆಸಲೂ ಆಗದು. ಫೆವಿಕಾಲ್‌ಗೆ ಸರಿಯಾದ ಜಾಗ ಇದು: ಒಣಗಿದರೆ ಪಾರದರ್ಶಕ, ತಪ್ಪಿದರೆ ಒದ್ದೆ ಇಯರ್‌ಬಡ್‌ನಿಂದ ತೆಗೆಯಬಹುದು. ಬಣ್ಣ ತಾಗದಂತೆ ಗಾಜಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿಡಿ.

ಬಣ್ಣದ ದಿನ

ಪ್ರೈಮರ್ ಆಗಿ ಮಿಸ್ಟರ್ ಸರ್ಫೇಸರ್ 1000 ಅಥವಾ 1500, ಅದರದೇ ಲೆವೆಲಿಂಗ್ ಥಿನ್ನರ್ ಜೊತೆ. ಇದು ಲ್ಯಾಕರ್, ಪ್ಲಾಸ್ಟಿಕ್‌ಗೆ ಸ್ವಲ್ಪ ಕಚ್ಚಿಕೊಳ್ಳುತ್ತದೆ, ಬೇಗ ಒಣಗುತ್ತದೆ. ಬೂದು ಪ್ರೈಮರ್ ಹೊಡೆದ ಮೇಲೆ ಗುಂಪಿನ ಎಲ್ಲರೂ ಮಾಡೆಲ್‌ಗಳನ್ನು ಅದಲುಬದಲು ಮಾಡಿಕೊಂಡು ಓರೆ ಬೆಳಕಿನಲ್ಲಿ ನೋಡಿ, ದೋಷವಿದ್ದಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ. ಸಂಕೋಚ ಬೇಡ. ಈ ಹಂತದಲ್ಲಿ ತಿದ್ದುವುದು ಹತ್ತು ನಿಮಿಷದ ಕೆಲಸ.

ಕಿಟಕಿ ತೆರೆದು ಹೊರಗೆ ತಳ್ಳುವ ಫ್ಯಾನ್ ಹಾಕಿ. ಲ್ಯಾಕರ್ ಆವಿಗೆ ಬಟ್ಟೆಯ ಮಾಸ್ಕ್, ಎನ್-95 ಎರಡೂ ನಿಷ್ಪ್ರಯೋಜಕ. ಇದ್ದಿಲಿನ ಕಾರ್ಟ್ರಿಜ್ ಇರುವ ಮುಖವಾಡವೇ ಬೇಕು. ಪಕ್ಕದಲ್ಲಿ ದೇವರ ದೀಪ, ಗ್ಯಾಸ್ ಒಲೆ ಉರಿಯುತ್ತಿರಬಾರದು.

ಮೇಲಿನ ಬೂದು ಬಣ್ಣಕ್ಕೆ ಟಮಿಯಾ ಅಕ್ರಿಲಿಕ್ ಅನುಕೂಲ. ಒಂದು ಪಾಲು ಬಣ್ಣಕ್ಕೆ ಒಂದರಿಂದ ಎರಡು ಪಾಲು ಥಿನ್ನರ್. ಕಪ್‌ನ ಗೋಡೆಗೆ ತಾಗಿಸಿದರೆ ಹಾಲಿನಂತೆ ಹರಿದು ತೆಳು ಪೊರೆ ಬಿಡಬೇಕು. 0.3 ಮಿಲಿಮೀಟರ್ ನಳಿಕೆ, 15ರಿಂದ 20 ಪಿಎಸ್‌ಐ ಒತ್ತಡ, ಮೇಲ್ಮೈಯಿಂದ ಎಂಟು-ಹತ್ತು ಸೆಂಟಿಮೀಟರ್ ದೂರ. ತೆಳುವಾಗಿ ಮೂರು ಸಲ ಹೊಡೆಯಿರಿ. ಉಸುಕಿನಂತೆ ಒರಟಾದರೆ ಬಣ್ಣ ದಾರಿಯಲ್ಲೇ ಒಣಗುತ್ತಿದೆ ಎಂದರ್ಥ: ಹತ್ತಿರ ಹೋಗಿ ಅಥವಾ ಥಿನ್ನರ್ ಹೆಚ್ಚಿಸಿ. ಜೇಡನ ಕಾಲಿನಂತೆ ಹರಡಿದರೆ ತೀರಾ ತೆಳುವಾಗಿದೆ, ಇಲ್ಲವೇ ಒತ್ತಡ ಜಾಸ್ತಿ. ಟಮಿಯಾ ಬಣ್ಣಕ್ಕೆ ಲ್ಯಾಕರ್ ಲೆವೆಲಿಂಗ್ ಥಿನ್ನರ್ ಹೊಂದುತ್ತದೆ, ಇನ್ನೂ ನುಣುಪಾಗಿಯೂ ಕೂರುತ್ತದೆ. ವಯೆಹೊ ಕಂಪನಿಯ ಅಕ್ರಿಲಿಕ್ ಬಣ್ಣಕ್ಕೆ ಅದನ್ನೇ ಸುರಿದರೆ ಕಪ್‌ನಲ್ಲೇ ಮೊಸರಾಗಿ ಒಡೆದು ನಳಿಕೆ ಕಟ್ಟಿಕೊಳ್ಳುತ್ತದೆ.

ಮಳೆಗಾಲದಲ್ಲಿ ಕಂಪ್ರೆಸರ್‌ನ ನೀರು ಹಿಡಿಯುವ ಬುಡ್ಡಿಯನ್ನು ಅರ್ಧ ಗಂಟೆಗೊಮ್ಮೆ ಖಾಲಿ ಮಾಡಿ, ಇಲ್ಲದಿದ್ದರೆ ಬಣ್ಣದ ನಡುವೆ ನೀರಿನ ಹನಿ ಉಗುಳುತ್ತದೆ. ಮಂಗಳೂರು, ಉಡುಪಿ ಕಡೆಯವರು ಜೂನ್-ಜುಲೈನಲ್ಲಿ ಲ್ಯಾಕರ್ ಮೆರುಗು ಹೊಡೆಯದಿರುವುದೇ ವಾಸಿ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಪದರ ಬಿಳಿಚಿಕೊಳ್ಳುತ್ತದೆ.

ಬೂದು ಯಾವ ಬೂದು ಎಂಬ ವಾದಕ್ಕೆ ಕೊನೆಯಿಲ್ಲ. ಬಿಸಿಲಿಗೆ ಮಾಸಿದ, ಮತ್ತೆ ಬಳಿದ ವಿಮಾನಗಳಲ್ಲಿ ಒಂದೇ ಸ್ಕ್ವಾಡ್ರನ್‌ನ ಎರಡು ಮಿಗ್‌ಗಳ ಬಣ್ಣ ಹೊಂದುವುದಿಲ್ಲ. ನೀವು ಆರಿಸಿದ ಸಂಖ್ಯೆಯ ವಿಮಾನದ ಫೋಟೊ ಎದುರಿಟ್ಟುಕೊಂಡು, ಅದೇ ವರ್ಷದ್ದಾದರೆ ಉತ್ತಮ, ಅದರ ಪ್ರಕಾರ ಬೆರೆಸಿ. ಗಾಲಿಯ ನಡುಬಟ್ಟಲು ಸೋವಿಯತ್ ಪದ್ಧತಿಯ ಗಿಣಿಹಸಿರು. ಟೈರ್ ಕಡುಬೂದು, ಅಪ್ಪಟ ಕಪ್ಪಲ್ಲ.

ಡಿಕಾಲ್ ಮತ್ತು ಬೆಳ್ಳಿ ಕಲೆ

ಮಂಕು ಬಣ್ಣದ ಮೇಲೆ ನೇರವಾಗಿ ಡಿಕಾಲ್ ಅಂಟಿಸಿದರೆ ಅದರ ಪೊರೆಯ ಕೆಳಗೆ ಗಾಳಿ ಸಿಕ್ಕಿಕೊಂಡು ಬೆಳ್ಳಿಯಂತೆ ಮಿನುಗುತ್ತದೆ. ಮಂಕು ಮೇಲ್ಮೈ ಹತ್ತಿರದಿಂದ ನೋಡಿದರೆ ಬರೀ ಉಬ್ಬುತಗ್ಗು. ಗಾಳಿ ಸಿಕ್ಕುವುದು ಆ ತಗ್ಗುಗಳಲ್ಲಿ. ಆದ್ದರಿಂದ ಮೊದಲು ಹೊಳಪಿನ ಮೆರುಗು ಹೊಡೆದು ಒಂದು ದಿನ ಒಣಗಿಸಿ. ಡಿಕಾಲನ್ನು ನೀರಿನಲ್ಲಿ ಇಪ್ಪತ್ತು ಸೆಕೆಂಡ್ ಅದ್ದಿ ಟಿಶ್ಯೂ ಮೇಲಿಡಿ. ತಾನೇ ಜಾರುವವರೆಗೆ ಕಾಯಿರಿ. ಜಾಗಕ್ಕೆ ಮೈಕ್ರೋ ಸೆಟ್ (ಡಿಕಾಲ್ ಹಿಡಿಸುವ ದ್ರವ) ಸವರಿ, ಡಿಕಾಲ್ ಜಾರಿಸಿ, ಒದ್ದೆ ಬ್ರಷ್‌ನಿಂದ ನಡುವಿನಿಂದ ಅಂಚಿಗೆ ನೀರು ತಳ್ಳಿ, ಮೇಲೆ ಮೈಕ್ರೋ ಸಾಲ್ (ಡಿಕಾಲ್ ಮೆತ್ತಗಾಗಿಸುವ ದ್ರವ) ಹಚ್ಚಿ ಕೈ ಬಿಡಿ. ಡಿಕಾಲ್ ಮುದುಡಿಕೊಂಡಂತೆ ಕಾಣುತ್ತದೆ. ಗಾಬರಿಯಾಗಿ ಮುಟ್ಟಿದರೆ ಹರಿಯುತ್ತದೆ. ಬಿಟ್ಟರೆ ಗೆರೆಗಳೊಳಗೆ ಇಳಿದು ಮಟ್ಟಸವಾಗುತ್ತದೆ.

ಬೋರ್‌ವೆಲ್ ನೀರು ಬೇಡ, ಸುಣ್ಣದ ಕಲೆ ಉಳಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ವೃತ್ತಾಕಾರದ ಗುರುತಿನಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಕಳಪೆ ಹಾಳೆಗಳಲ್ಲಿ ಬಿಳಿ ತೆಳುವಾಗಿದ್ದು ಕೆಳಗಿನ ಬೂದು ಇಣುಕುತ್ತದೆ. ಹಾಗಿದ್ದರೆ ಎರಡು ಡಿಕಾಲ್ ಒಂದರ ಮೇಲೊಂದು ಹಾಕಿ.

ಡಿಕಾಲ್ ಒಣಗಿದ ಮೇಲೆ ಇನ್ನೊಮ್ಮೆ ಮೆರುಗು, ಆಮೇಲೆ ಎನಾಮೆಲ್ ವಾಶ್. ದ್ರಾವಕದ ಲೆಕ್ಕ ಇಲ್ಲಿ ಮತ್ತೆ ಬರುತ್ತದೆ: ಎನಾಮೆಲ್‌ನ ಟರ್ಪೆಂಟೈನ್ ಒಣಗಿದ ಲ್ಯಾಕರ್ ಅಥವಾ ಅಕ್ರಿಲಿಕ್ ಮೆರುಗನ್ನು ಮುಟ್ಟುವುದಿಲ್ಲ, ಹೀಗಾಗಿ ಹೆಚ್ಚಾದದ್ದನ್ನು ಒರೆಸಬಹುದು. ಬರಿಯ ಪ್ಲಾಸ್ಟಿಕ್ ಸಿಕ್ಕರೆ ಮಾತ್ರ ಅದು ಜೋಡಣೆಗೆ ಇಳಿದು ಒತ್ತಡದಲ್ಲಿರುವ ಭಾಗವನ್ನು ಪಟಕ್ಕನೆ ಸೀಳುತ್ತದೆ, ಅದರಲ್ಲೂ ಸಪೂರ ಗಾಲಿಕಾಲುಗಳನ್ನು. ಬೂದು ವಿಮಾನಕ್ಕೆ ಕಪ್ಪು ವಾಶ್ ಹಾಕಬೇಡಿ, ಗೋಡೆಗೆ ಇಟ್ಟಿಗೆ ಗೆರೆ ಎಳೆದಂತೆ ಕಾಣುತ್ತದೆ. ಕಡುಬೂದು ಅಥವಾ ಕಂದು ಸಾಕು. ಒರೆಸುವಾಗ ಗಾಳಿ ಹರಿಯುವ ದಿಕ್ಕಿನಲ್ಲಿ, ಮೂಗಿನಿಂದ ಬಾಲಕ್ಕೆ ಎಳೆಯಿರಿ. ವಾಶ್ ಎರಡು ದಿನ ಆರಿದ ಮೇಲೆ ಅಕ್ರಿಲಿಕ್ ಮಂಕು ಮೆರುಗನ್ನು ತೆಳುವಾಗಿ ಹೊಡೆದು ಮುಗಿಸಿ. ಅದರ ಬದಲು ತೀಕ್ಷ್ಣ ದ್ರಾವಕದ ಲ್ಯಾಕರ್ ಮೆರುಗು ದಪ್ಪಗೆ ಹೊಡೆದರೆ ವಾಶ್ ಸುಕ್ಕುಗಟ್ಟಿ ಕೆಳಗಿನ ಡಿಕಾಲ್ ಸಮೇತ ಹೋಗುತ್ತದೆ.

ಗಾಜಿನ ಮೇಲಿನ ಟೇಪ್ ತೆಗೆದು, ಗಾಲಿಬಾಗಿಲು, ಕ್ಷಿಪಣಿ ಜೋಡಿಸಿ. ಮೂಗಿನ ಮೇಲಿನ, ವೇಗ ಅಳೆಯಲು ನೆರವಾಗುವ ಉದ್ದ ಪಿಟಾಟ್ ಕೊಳವೆ ಎಲ್ಲಕ್ಕಿಂತ ಕೊನೆಗೆ. ಎಫ್‌ಎಲ್‌ನಲ್ಲಿ ಅದು ನಡುಮಧ್ಯ, ಎಂ ಮತ್ತು ಬಿಸ್‌ನಲ್ಲಿ ಬಲಕ್ಕೆ ಸರಿದಿರುತ್ತದೆ; ಹೊಸಬರು ನಡುವೆ ಅಂಟಿಸಿ ಸಿಕ್ಕಿಬೀಳುವುದು ಇಲ್ಲೇ. ಕಿಟ್‌ನ ಪ್ಲಾಸ್ಟಿಕ್ ಕೊಳವೆ ಮೊದಲ ತಾಗುವಿಕೆಗೇ ಮುರಿಯುತ್ತದೆ. ತುದಿ ಕತ್ತರಿಸಿದ ಇಂಜೆಕ್ಷನ್ ಸೂಜಿಯನ್ನು ಅದೇ ಅಳತೆಗೆ ಮಾಡಿಕೊಂಡು ಫೆವಿಕ್ವಿಕ್‌ನಿಂದ ಕೂರಿಸಿದರೆ ಡಬ್ಬಿಯಲ್ಲಿಟ್ಟು ಗೆಳೆಯರ ಮನೆಗೆ ಒಯ್ಯುವಾಗಲೂ ನೆಟ್ಟಗಿರುತ್ತದೆ.