ಮಗನಿಗೆ ಫ್ಯಾಟಿ ಲಿವರ್: ನಾವು ಮನೆಯಲ್ಲಿ ಮಾಡಿದ್ದು

ಮಗನ ಕುತ್ತಿಗೆ ಹಿಂದೆ ಕಪ್ಪಗಾಗಿತ್ತು. ಕೊಳೆ ಅಂದುಕೊಂಡು ಎರಡು ತಿಂಗಳು ಕಡಲೆಹಿಟ್ಟು, ನಿಂಬೆಹಣ್ಣು ಹಚ್ಚಿ ಉಜ್ಜಿದೆ. ಉರಿ ಅಂತ ಅಳುತ್ತಿದ್ದ. ಅದನ್ನು ನೆನೆದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಆಗ ಅವನಿಗೆ 11 ವರ್ಷ, ತೂಕ 58 ಕಿಲೋ. ಜ್ವರ ಅಂತ ಕರೆದುಕೊಂಡು ಹೋದರೆ, ಮಕ್ಕಳ ಡಾಕ್ಟರ್ ಮೊದಲು ನೋಡಿದ್ದೇ ಆ ಕುತ್ತಿಗೆಯನ್ನು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಚರ್ಮ ಹೀಗಾಗುತ್ತದಂತೆ. ಜ್ವರ ಬಿಟ್ಟು ಕೆಲವು ವಾರದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರು. ಎಎಲ್‌ಟಿ 92 ಬಂತು. ಲಿವರ್ ಜೀವಕೋಶಗಳಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ ಅದು. ಲ್ಯಾಬ್ ಚೀಟಿಯಲ್ಲಿ ದೊಡ್ಡವರ ಲೆಕ್ಕ ಇರುತ್ತದೆ, ಅದನ್ನು ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಮಕ್ಕಳಲ್ಲಿ ಹುಡುಗರಿಗೆ 26, ಹುಡುಗಿಯರಿಗೆ 22 ದಾಟಿದರೇ ಜಾಸ್ತಿ. ಸ್ಕ್ಯಾನಿಂಗ್‌ನಲ್ಲಿ ಲಿವರ್ ತುಂಬ ಕೊಬ್ಬು ಕಂಡಿತು.

"ಕುಡಿಯೋರಿಗೆ ಬರೋ ಕಾಯಿಲೆ ಈ ಕೂಸಿಗೆ ಹೆಂಗೆ ಬಂತು?" ಅಂತ ಅತ್ತೆ ಅತ್ತೇಬಿಟ್ಟರು. ಹೆಪಟೈಟಿಸ್ ಬಿ, ಸಿ ಇದೆಯಾ, ತಾಮ್ರ ಲಿವರ್‌ನಲ್ಲಿ ಸೇರಿಕೊಳ್ಳುವ ವಿಲ್ಸನ್ ಕಾಯಿಲೆ ಇದೆಯಾ ಅಂತಲೂ ಪರೀಕ್ಷೆ ಆಯಿತು. ಖರ್ಚಾಗುತ್ತದೆ, ನಿಜ. ಆದರೆ ಫ್ಯಾಟಿ ಲಿವರ್ ಅಂತ ಸುಮ್ನೆ ಅಂದುಕೊಂಡು ವಿಲ್ಸನ್ ಕಾಯಿಲೆಯನ್ನು ಬಿಟ್ಟುಬಿಟ್ಟರೆ ಮಗುವಿನ ಜೀವಕ್ಕೇ ಅಪಾಯ.

ಮಾತ್ರೆ ಕೊಡಲಿಲ್ಲ. ಮಕ್ಕಳ ಫ್ಯಾಟಿ ಲಿವರ್‌ಗೆ ಅಂತಲೇ ಒಪ್ಪಿಗೆ ಪಡೆದ ಔಷಧಿ ಇಲ್ಲವಂತೆ. ಒಂದು ವಾರ ಅವನು ತಿಂದಿದ್ದು, ಕುಡಿದಿದ್ದು ಎಲ್ಲ ಬರೆಯಿರಿ ಅಂದರು. ಬರೆದ ಮೇಲೆ ನನಗೇ ಗಾಬರಿ ಆಯಿತು. ಊಟ ಅಷ್ಟೇನೂ ಜಾಸ್ತಿ ಇರಲಿಲ್ಲ. ಬೆಳಿಗ್ಗೆ ಸಕ್ಕರೆ ಹಾಕಿದ ಚಾಕೊಲೇಟ್ ಹಾಲು, ಸ್ಕೂಲ್ ಡಬ್ಬಿ ಜೊತೆ ಪ್ಯಾಕೆಟ್ ಜ್ಯೂಸ್, ಟ್ಯೂಷನ್ ಮುಗಿಸಿ ಬರುವಾಗ ಬೇಕರಿಯಲ್ಲಿ ಪಫ್ಸ್, ಕೋಲಾ. 250 ಎಂಎಲ್ ಕೋಲಾದಲ್ಲೇ ಐದಾರು ಚಮಚ ಸಕ್ಕರೆ ಇರುತ್ತದೆ. ಸಕ್ಕರೆಯಲ್ಲಿರುವ ಫ್ರಕ್ಟೋಸ್ ಹೆಚ್ಚಾದರೆ ಲಿವರ್ ಅದನ್ನು ಕೊಬ್ಬು ಮಾಡಿ ಇಟ್ಟುಕೊಳ್ಳುತ್ತದೆ.

ಡಾಕ್ಟರ್ ಒಂದು ಪ್ರಯೋಗದ ವಿಷಯ ಹೇಳಿದರು. ಅಮೆರಿಕದಲ್ಲಿ 2019ರಲ್ಲಿ ಪ್ರಕಟವಾಗಿದ್ದು. ಫ್ಯಾಟಿ ಲಿವರ್ ಇದ್ದ 11ರಿಂದ 16 ವರ್ಷದ ಹುಡುಗರ ಒಂದು ಗುಂಪಿಗೆ ಎಂಟು ವಾರ ಸಕ್ಕರೆ ತೀರಾ ಕಡಿಮೆ ಮಾಡಿದಾಗ, ಲಿವರ್ ಕೊಬ್ಬು ಸರಾಸರಿ ಶೇ 25ರಿಂದ 17ಕ್ಕೆ ಇಳಿಯಿತಂತೆ. ಆ ಹುಡುಗರ ಮನೆಯವರೆಲ್ಲರ ಊಟವನ್ನೂ ಬದಲಿಸಿದ್ದರು. ನನಗೆ ದಾರಿ ಕಂಡಿದ್ದು ಅಲ್ಲೇ.

ಅವನೊಬ್ಬನಿಗೆ ಪಥ್ಯ ಮಾಡಲಿಲ್ಲ. ಮನೆಗೆ ಕೋಲಾ, ಜ್ಯೂಸ್, ಬಿಸ್ಕತ್ತು ತರುವುದನ್ನೇ ನಿಲ್ಲಿಸಿದೆವು. ನಮ್ಮವರು ಕಾಫಿಗೆ ಸಕ್ಕರೆ ಬಿಟ್ಟರು. ಸಂಜೆಗೆ ಮಜ್ಜಿಗೆ, ಬೇಯಿಸಿದ ಕಡಲೆಕಾಯಿ, ಇಡೀ ಹಣ್ಣು. ರಾತ್ರಿ ಒಂದೇ ಮುದ್ದೆ, ಸೊಪ್ಪಿನ ಸಾರು ಧಾರಾಳ. ಮೊದಲ ಎರಡು ವಾರ ತುಂಬಾ ಕಷ್ಟವಾಯಿತು. ಅವನು ಸಿಟ್ಟಲ್ಲಿ ತಟ್ಟೆ ತಳ್ಳಿದ. ಅತ್ತೆ ಕದ್ದು ಮೈಸೂರುಪಾಕ್ ಕೊಟ್ಟರು. ಬೈಯಲಿಲ್ಲ, ಮುಂದಿನ ಸಲ ಅವರನ್ನೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಆಮೇಲೆ ಅವರೇ ಕಾವಲು ನಿಂತರು. ಟ್ಯೂಷನ್ ಬಿಡಿಸಿ ಆ ಒಂದು ಗಂಟೆ ಕಬಡ್ಡಿಗೆ ಕಳಿಸಿದೆವು.

ಆರು ತಿಂಗಳಿಗೆ ಎಎಲ್‌ಟಿ 41. ತೂಕ ಒಂದೇ ಕಿಲೋ ಇಳಿದಿತ್ತು, ಎತ್ತರ 4 ಸೆಂಟಿಮೀಟರ್ ಬೆಳೆದಿತ್ತು. ಬೆಳೆಯೋ ಮಗು, ಇಷ್ಟು ಸಾಕು ಅಂದರು ಡಾಕ್ಟರ್. ಕುತ್ತಿಗೆಯ ಕಪ್ಪು ಪೂರ್ತಿ ಹೋಗಿಲ್ಲ, ತಿಳಿಯಾಗಿದೆ. ಈಗ ಅಲ್ಲಿ ಏನೂ ಹಚ್ಚಿ ಉಜ್ಜುವುದಿಲ್ಲ.