ಅಕ್ಕ-ಭಾವನ ಮೊದಲ ಮುಂಬೈ: ಊಟ, ಆಟ, ಲೆಕ್ಕ

ಅಕ್ಕನ ಮಗ ಬೆಂಗಳೂರಿನಿಂದ ಎಕ್ಸೆಲ್ ಶೀಟು ಕಳಿಸಿದ್ದ. ಶನಿವಾರದಿಂದ ಮಂಗಳವಾರದ ತನಕ ಅಪ್ಪ-ಅಮ್ಮನ ಊಟಕ್ಕೂ ತಿರುಗಾಟಕ್ಕೂ ಅಂತ ಅದರಲ್ಲಿ ಬರೆದಿದ್ದ ಮೊತ್ತ 24,000 ಚಿಲ್ಲರೆ. ನಾನು ಮುಗಿಸಿದ್ದು 8,000ದ ಒಳಗೆ, ಅದೂ ನನ್ನ ತಲೆಯನ್ನೂ ಸೇರಿಸಿ. "ಮಾವ, ಆಯಿ ಲೋಕಲ್ ಹತ್ತತಿಲ್ಲೆ, ಕಾರೇ ಮಾಡು" ಅಂತ ಅವನು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದ. ನನ್ನ ಹೆಂಡತಿಯೂ ಅವನ ಪಾರ್ಟಿಯೇ. ಅಕ್ಕ ಲೋಕಲ್ ರೈಲು ಹತ್ತಿದಳು, ಡಬಲ್ ಡೆಕ್ಕರ್ ಹತ್ತಿದಳು, ಲಾಂಚಿನ ಮೇಲಿನ ಅಟ್ಟವನ್ನೂ ಹತ್ತಿದಳು. ಅದಕ್ಕೇ ಬರೆಯುತ್ತಿದ್ದೇನೆ.

ಮುಂಬೈಯಲ್ಲಿ ಒಂದು ಬಾಡಿಗೆ ಮನೆ ಅಂತ ಮಾಡಿಕೊಂಡ ಊರಿನವರಿಗೆಲ್ಲ ಈ ಕೆಲಸ ತಪ್ಪಿದ್ದಲ್ಲ. ರೈಲಿನ ವೇಳೆ ಹೇಳುವ ಎಂ-ಇಂಡಿಕೇಟರ್ ಆ್ಯಪ್ ನೋಡುವುದು, ಫಾಸ್ಟ್ ಗಾಡಿ ಯಾವುದು ಸ್ಲೋ ಯಾವುದು ಗೊತ್ತುಮಾಡಿಕೊಳ್ಳುವುದು ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಹೇಳುತ್ತ ಕೂರುವುದಿಲ್ಲ.

ಹಿಂದೆ ಬಂದ ಜೋಡಿಗಳ ಮೇಲೆ ನಾನು ಎಲ್ಲ ಪದ್ಧತಿಯನ್ನೂ ಪ್ರಯೋಗಿಸಿ ನೋಡಿದ್ದೇನೆ. ಮೊದಲನೆಯದು ಎಲ್ಲರೂ ಮಾಡುವುದೇ: ಬೆಳಿಗ್ಗೆ ಟ್ಯಾಕ್ಸಿ ಗೊತ್ತುಮಾಡಿ ಸಿದ್ಧಿವಿನಾಯಕ, ಹಾಜಿ ಅಲಿ, ಹ್ಯಾಂಗಿಂಗ್ ಗಾರ್ಡನ್, ಗೇಟ್‌ವೇ, ಕೊನೆಗೆ ಜುಹು. ಐದು ಸಾವಿರ ಹೋಗುತ್ತದೆ. ಬಂದವರು ನೋಡುವುದು ಮಾತ್ರ ಮುಂದಿನ ಗಾಡಿಯ ಹಿಂಬದಿಯನ್ನು. ಊಟ ಎಲ್ಲಿ ಗಾಡಿ ನಿಂತಿತೋ ಅಲ್ಲಿ, ಮೂರು ಗಂಟೆಗೆ. ಎರಡನೆಯದು ಹೊಸದಾಗಿ ಮದುವೆಯಾದವರಿಗೆ ಅಂತ ಲೋವರ್ ಪರೇಲಿನ ಮೇಲ್ಮಹಡಿಯ ಒಂದು ಹೋಟೆಲು. ರಾತ್ರಿ ಒಂಬತ್ತೂವರೆಗೆ ಟೇಬಲ್ ಸಿಕ್ಕಿತು. ಹಾಡಿನ ಗದ್ದಲದಲ್ಲಿ ಹುಡುಗಿ ಹೇಳಿದ್ದು ಹುಡುಗನಿಗೇ ಕೇಳಿಸಲಿಲ್ಲ. ಬಿಲ್ಲು ನಾಲ್ಕು ಸಾವಿರದ ಮೇಲೆ, ಅದರ ಮೇಲೆ ಸರ್ವಿಸ್ ಚಾರ್ಜು ಬೇರೆ. ಮನೆಗೆ ಬಂದು ಹನ್ನೆರಡು ಗಂಟೆಗೆ ಮೊಸರನ್ನ ಕಲಸಿಕೊಂಡು ತಿಂದರು. ಮೂರನೆಯದು ಗುಜರಾತಿ ಅನ್‌ಲಿಮಿಟೆಡ್ ಥಾಲಿ. ಪ್ರಾಯದವರಿಗೆ ಇದು ಲಾಭ. ಅರವತ್ತು ದಾಟಿದವರು ಎರಡು ಫುಲ್ಕ, ಒಂದು ಮುಷ್ಟಿ ಅನ್ನಕ್ಕೆ ತಲೆಗೆ ಏಳುನೂರು ಕೊಟ್ಟು ಏಳುತ್ತಾರೆ. ದಾಲಿಗೆ ಬೆಲ್ಲ ಯಾಕೆ ಹಾಕಿದ್ದಾರೆ ಅನ್ನುವ ಚರ್ಚೆ ಮಾತ್ರ ಊರು ಮುಟ್ಟುವವರೆಗೂ ನಡೆಯುತ್ತದೆ.

ಇದೆಲ್ಲ ನೋಡಿದ ಮೇಲೆ ಒಂದು ಸೂತ್ರ ಹಿಡಿದೆ. ಹೊಸ ಊಟವನ್ನೂ ಹೊಸ ಜನಜಂಗುಳಿಯನ್ನೂ ಒಂದೇ ಹೊತ್ತಿಗೆ ಕೊಡಬಾರದು. ಊಟ ಹೊಸದಾದರೆ ಜಾಗ ತಂಪಾಗಿ, ಕೂರುವಂತೆ ಇರಬೇಕು. ಜಾಗ ಗದ್ದಲದ್ದಾದರೆ ಎಲೆಯ ಮೇಲೆ ಬೀಳುವುದು ಗೊತ್ತಿರುವ ಸಾರು-ಅನ್ನವೇ ಆಗಿರಬೇಕು. ಮತ್ತೆ ಊಟದ ಹೊತ್ತು ಊರಿನದ್ದೇ: ಒಂದು ಗಂಟೆಗೆ ಊಟ, ನಾಲ್ಕಕ್ಕೆ ಚಾ, ಎಂಟಕ್ಕೆ ಮನೆಯಲ್ಲಿ. ಈ ಶಹರ ರಾತ್ರಿ ಒಂಬತ್ತರ ಮೇಲೆ ಊಟಕ್ಕೆ ಏಳುತ್ತದೆ. ಅದರ ತಾಳಕ್ಕೆ ಊರಿನವರನ್ನು ಕುಣಿಸಲು ಹೋದರೆ ಎರಡನೆಯ ದಿನವೇ ಗ್ಯಾಸ್ಟ್ರಿಕ್ಕು.

ಭಾವನದ್ದು ಇನ್ನೊಂದು ಇತ್ತು, ಕವಳ. ಯಾವ ಎಕ್ಸೆಲ್ ಶೀಟಿನಲ್ಲೂ ಇದಕ್ಕೆ ಕಾಲಂ ಇರುವುದಿಲ್ಲ. ಉಂಡು ಎದ್ದ ಮೇಲೆ ಕವಳದ ಸಂಚಿ ಬಿಚ್ಚಿ, ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಹೋಳು ಇಟ್ಟು ಮಡಚಿ ಬಾಯಿಗಿಟ್ಟು ಕಣ್ಣು ಮುಚ್ಚುವುದಕ್ಕೆ ಹದಿನೈದು ನಿಮಿಷ. ಆಮೇಲೆ ಉಗುಳಲು ಜಾಗ. ರಸ್ತೆಯಲ್ಲಿ ಉಗುಳಿದರೆ ದಂಡ, ರೈಲಿನಲ್ಲಿ ಆಗದು, ನಾಟಕದ ಹಾಲಿನಲ್ಲಿ ಮೊದಲೇ ಆಗದು. ಅಗಲ ಬಾಯಿಯ ಮುಚ್ಚಳದ ಬಾಟಲಿ ಒಂದನ್ನು ಕಪ್ಪು ಕವರಿನಲ್ಲಿ ಹಾಕಿ ನಾನೇ ಹಿಡಿದುಕೊಂಡು ತಿರುಗಿದೆ. ನಗುವವರು ನಗಲಿ. ಕವಳ ತಪ್ಪಿದ ಭಾವನನ್ನು ತಾಜಮಹಲಿಗೆ ಕರೆದುಕೊಂಡು ಹೋದರೂ ಮುಖ ಅರಳುವುದಿಲ್ಲ.

ಅಡಿಕೆ ಕೊಯ್ಲು, ಸುಲಿದು ಒಣಗಿಸುವುದು ಎಲ್ಲ ಮುಗಿಸಿ ಮಾರ್ಚ್ ಮೊದಲಿಗೆ ಬಂದರು. ಕುಮಟಾದಲ್ಲಿ ಮತ್ಸ್ಯಗಂಧ ಹತ್ತಿದರೆ ಬೆಳಗಾಗುವಷ್ಟರಲ್ಲಿ ಕುರ್ಲಾ ಟರ್ಮಿನಸ್. ನನ್ನ ಮನೆ ಘಾಟ್‌ಕೋಪರಿನಲ್ಲಿ, ಹಾಗಾಗಿ ಸಾಧ್ಯವಾದಷ್ಟೂ ಎಲ್ಲವನ್ನೂ ಸೆಂಟ್ರಲ್ ಲೈನಿನ ಮೇಲೇ ಪೋಣಿಸಿದೆ. ಶನಿವಾರ ಹಗಲಿಡೀ ಮಲಗಿಸಿದೆ. ಸಂಜೆ ಮಾಟುಂಗಾ, ದಕ್ಷಿಣದವರ ಪೇಟೆ. ಇದು ನನ್ನ ಹಳೆಯ ಅಸ್ತ್ರ. ಮುಂಬೈ ನೋಡಲು ಬಂದವರಿಗೆ ಮೊದಲು ಮುಂಬೈ ತೋರಿಸಬೇಡಿ, ಮಾಟುಂಗಾ ತೋರಿಸಿ. ಮಲ್ಲಿಗೆ ಮಾಲೆ ಕಟ್ಟುವವರು, ಬಾಳೆಎಲೆ ಮಾರುವವರು, ಕಾಫಿಪುಡಿ ಹುರಿಯುವ ಘಮ. 1939ರ ರಾಮ್ ಆಶ್ರಯ ಹೋಟೆಲಿನಲ್ಲಿ ಅನಾನಸ್ ಶೀರಾ ಮತ್ತು ಫಿಲ್ಟರ್ ಕಾಫಿ. ಹೊರಗೆ ಸಾಲು ನಿಲ್ಲಬೇಕು, ಜನಜಂಗುಳಿಯ ಮೊದಲ ಪಾಠ ಅದೇ. ಆದರೆ ಒಳಗೆ ತಟ್ಟೆಗೆ ಬಂದದ್ದು ಗುರುತಿನದ್ದು. ಅಕ್ಕ ಶೀರಾ ಬಾಯಿಗಿಟ್ಟು, "ತುಪ್ಪ ಕಡಿಮೆ ಹಾಕಿದ್ದ" ಅಂದಳು. ಅಡುಗೆಯಲ್ಲಿ ತಪ್ಪು ಹುಡುಕುವಷ್ಟು ಸಲೀಸಾದಳು ಅಂದರೆ ಅರ್ಧ ಗೆದ್ದ ಹಾಗೆ.

ಭಾನುವಾರ ಮೆಗಾಬ್ಲಾಕ್, ಅಂದರೆ ಹಳಿ ರಿಪೇರಿಗೆ ಅಂತ ಗಾಡಿ ನಿಲ್ಲಿಸುವುದು. ಹನ್ನೊಂದರಿಂದ ಮೂರೂವರೆ-ನಾಲ್ಕರವರೆಗೆ ಯಾವ ಗಾಡಿ ಎಲ್ಲಿ ನಿಲ್ಲುತ್ತದೋ ದೇವರಿಗೇ ಗೊತ್ತು. ಹತ್ತು ಗಂಟೆಗೇ ಹೊರಟು ಮತ್ತೆ ಮಾಟುಂಗಾ ಸ್ಟೇಷನ್ನಿನಲ್ಲೇ ಇಳಿದೆವು. ಎದುರಿನ ಮಾರ್ಕೆಟ್ ಕಟ್ಟಡದ ಮಹಡಿಯಲ್ಲಿ ರಾಮನಾಯಕರ ಶ್ರೀಕೃಷ್ಣ ಬೋರ್ಡಿಂಗ್, 1942ರಿಂದ ಇದೆ. ಭಾನುವಾರ ಹನ್ನೆರಡರ ಮೇಲೆ ಹೋದರೆ ಮೆಟ್ಟಿಲ ಮೇಲೇ ಹಸಿವು ಇಂಗುತ್ತದೆ. ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ಕೂಪನ್ ತೆಗೆದುಕೊಂಡೆ. ಬಾಳೆಎಲೆ ಊಟ, ಮೂವರಿಗೆ ಸಾವಿರದ ಹತ್ತಿರ. ಅಕ್ಕನಿಗೆ ಮಾತ್ರ ಲಿಮಿಟೆಡ್ ತಟ್ಟೆ. ಭಾವ ಸಾರನ್ನು ಎರಡು ಸಲ ಹಾಕಿಸಿಕೊಂಡರು. ಬಡಿಸುವವನ ಊರು ಯಾವುದು ಅಂತ ವಿಚಾರಿಸಿ, ಕುಂದಾಪುರದ ಆಚೆ ಅಂತ ತಿಳಿದ ಮೇಲೆ ಮೂರನೆಯ ಸಲವೂ ಬಂತು.

ಅಲ್ಲಿಂದ ದಾದರ್ ಪಕ್ಕದ ಸ್ಟೇಷನ್ನು, ಬ್ಲಾಕಿನ ಗೊಡವೆಯೇ ಬೇಡ ಅಂತ ಟ್ಯಾಕ್ಸಿ. ಪ್ಲಾಝಾ ಟಾಕೀಸಿನ ಎದುರಿನ ಶಿವಾಜಿ ಮಂದಿರ ನಾಟಕಗೃಹದಲ್ಲಿ ಮಧ್ಯಾಹ್ನದ ಮರಾಠಿ ನಾಟಕ. ಎಲ್ಲರ ತಕರಾರು ಇದರ ಮೇಲೇ ಇತ್ತು. ಭಾಷೆ ಬಾರದವರನ್ನು ಎರಡೂವರೆ ತಾಸು ನಾಟಕದಲ್ಲಿ ಕೂರಿಸುವುದು ಯಾವ ನ್ಯಾಯ, ಯಾವುದಾದರೂ ಮಾಲ್ ತೋರಿಸು ಅಂತ. ಭಾವ ತಾಳಮದ್ದಳೆಯಲ್ಲಿ ಅರ್ಥ ಹೇಳುವ ಮನುಷ್ಯ. ಮಾಲಿನಲ್ಲಿ ಅವರೇನು ಮಾಡುತ್ತಾರೆ? 1956ರ ತನಕ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬೈ ಪ್ರಾಂತದಲ್ಲೇ ಇದ್ದದ್ದು, ಅವರ ಅಪ್ಪ ಮರಾಠಿ ಓದುತ್ತಿದ್ದರು. ಕೊಂಕಣಿ ಕಿವಿಗೆ ಬಿದ್ದು ಬೆಳೆದವರಿಗೆ ಮರಾಠಿ ಅರ್ಧ ತಾನಾಗಿಯೇ ತಿಳಿಯುತ್ತದೆ. ಗಂಡ-ಹೆಂಡತಿ ಜಗಳದ ಹಾಸ್ಯ ನಾಟಕ ಆರಿಸಿದ್ದೆ, ಅದಕ್ಕೆ ನಿಘಂಟು ಬೇಡ. ಟಿಕೆಟ್ಟು ಒಬ್ಬರಿಗೆ 400ರ ಆಸುಪಾಸು. ಮುಂದಿನ ಸಾಲು, ಅದೂ ಹೊರಗೆ ಏಳಲು ಅನುಕೂಲವಾದ ಬದಿಯ ಸೀಟು, ಭಾನುವಾರಕ್ಕೆ ಹೇಗೆ ಸಿಕ್ಕಿತು ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ವಾರ ನನಗೇ ಸಿಗುವುದಿಲ್ಲ.

ಮಧ್ಯಂತರದಲ್ಲಿ ಬಟಾಟೆ ವಡೆ. ಮರಾಠಿ ನಾಟಕಕ್ಕೆ ಹೋಗಿ ಅದನ್ನು ತಿನ್ನದೆ ಬಂದರೆ ಟಿಕೆಟ್ಟಿನ ಅರ್ಧ ದುಡ್ಡು ನೀರಿಗೆ ಹಾಕಿದಂತೆ. ಬೆಲ್ಲು ಹೊಡೆಯುವುದಕ್ಕೆ ಮೂರು ನಿಮಿಷ ಮೊದಲೇ ನಾನು ಎದ್ದು ಕೌಂಟರಿಗೆ ಹೋದೆ. ಬಾಣಲೆಯಿಂದ ತೆಗೆದದ್ದು, ಒತ್ತಿದರೆ ಬೆರಳು ಸುಡುವಷ್ಟು ಬಿಸಿ, ಹೊರಗಿನ ಕಡಲೆಹಿಟ್ಟಿನ ಸಿಪ್ಪೆ ತೆಳು, ಒಳಗೆ ಶುಂಠಿ-ಹಸಿಮೆಣಸು ಜಜ್ಜಿ ಹಾಕಿದ ಬಟಾಟೆ. ಅಕ್ಕ ಒಂದನ್ನು ಬಿಡಿಸಿ ಒಳಗೆ ನೋಡಿ, ಆಮೇಲೆ ತಿಂದಳು. ನಾಟಕ ಮುಗಿದು ಹೊರಗೆ ಬಂದಾಗ ಭಾವ ಆ ಮುಖ್ಯ ನಟನ ಬಗ್ಗೆ ಅಂದದ್ದು: "ಅವಂಗೆ ಮಾತು ಎಲ್ಲಿ ನಿಲ್ಸವು ಹೇಳಿ ಗೊತ್ತಿದ್ದು." ನಮ್ಮ ಕಡೆಯ ಅರ್ಥಧಾರಿಗಳಲ್ಲಿ ಎಷ್ಟು ಜನರಿಗೆ ಇದು ಗೊತ್ತಿಲ್ಲ ಅನ್ನುವುದು ಘಾಟ್‌ಕೋಪರ್ ಬರುವ ತನಕ ನಡೆಯಿತು.

ಸೋಮವಾರ ಹುಷಾರಾಗಿರಬೇಕಾದ ದಿನ. ಎಲಿಫೆಂಟಾ ಗುಹೆ ಬಂದ್, ಪೃಥ್ವಿ ಥಿಯೇಟರ್ ಬಂದ್, ರಾಮನಾಯಕರದ್ದು ಬಂದ್, ಮಾಟುಂಗಾದ ಕೆಫೆ ಮದ್ರಾಸ್ ಬಂದ್. ಅಳಿಯನ ಶೀಟಿನಲ್ಲಿ ಎಲಿಫೆಂಟಾ ಇದ್ದದ್ದೇ ಸೋಮವಾರ! ಹೇಗೂ ನೂರಕ್ಕೆ ಮೇಲ್ಪಟ್ಟು ಮೆಟ್ಟಿಲು ಅಕ್ಕನ ಮಂಡಿಗೆ ಆಗುತ್ತಿರಲಿಲ್ಲ. ಅದರ ಬದಲು ಗೇಟ್‌ವೇಯಿಂದ ಬಂದರು ಸುತ್ತಿಸಿ ಬರುವ ಸಣ್ಣ ಲಾಂಚು. ಮೇಲಿನ ಅಟ್ಟಕ್ಕೆ ಬೇರೆ ಹತ್ತಿಪ್ಪತ್ತು ರೂಪಾಯಿ ಕೇಳುತ್ತಾರೆ, ಕೊಡಿ. ಕೆಳಗೆ ಡೀಸೆಲ್ ವಾಸನೆ.

ಹೊನ್ನಾವರ, ಮುರ್ಡೇಶ್ವರ ನೋಡಿದವರಿಗೆ ಸಮುದ್ರ ಹೊಸದಲ್ಲ, ಅದನ್ನು ತೋರಿಸಲು ಜುಹುವಿಗೆ ಎಳೆದುಕೊಂಡು ಹೋಗಬೇಡಿ. ಹೊಸದು ಯಾವುದು ಅಂದರೆ ಸಮುದ್ರದ ಅಂಚಿಗೆ ಮೂರೂವರೆ ಕಿಲೋಮೀಟರು ಬಾಗಿಕೊಂಡು ಹೊತ್ತಿಕೊಳ್ಳುವ ಮರೀನ್ ಡ್ರೈವಿನ ದೀಪ. ಹೊತ್ತು ಮುಳುಗುವುದಕ್ಕೆ ಅರ್ಧ ತಾಸು ಮೊದಲು ಹೋಗಿ ಕೂರಬೇಕು. ಎಲ್ಲಿ ಕೂತರೆ ಶೌಚಾಲಯ ಹತ್ತಿರ ಅನ್ನುವುದಕ್ಕೆ ನನ್ನ ಹತ್ತಿರ ಒಂದು ಪಟ್ಟಿ ಇದೆ. ಕೊಲಾಬಾದಿಂದ ದಾದರ್‌ವರೆಗೆ, ಸ್ವಚ್ಛ ಇರುವವು ಮಾತ್ರ. ಎಷ್ಟೋ ವರ್ಷದ ತಪಸ್ಸು ಅದು, ಪುಕ್ಕಟೆ ಕೊಡುವುದಿಲ್ಲ.

ಮಧ್ಯಾಹ್ನದ ಬಿಸಿಲಿಗೆ ಗೇಟ್‌ವೇ ಹತ್ತಿರದ ಶಿವಾಜಿ ಮಹಾರಾಜ ಮ್ಯೂಸಿಯಂ, ಸೋಮವಾರವೂ ತೆರೆದಿರುತ್ತದೆ. ಅದು ಅಷ್ಟಕ್ಕಷ್ಟೆ. ಮೂರ್ತಿಗಳ ಕೋಣೆ ಬಿಟ್ಟರೆ ಭಾವ ಬೆಂಚು ಹುಡುಕುತ್ತಿದ್ದರು. ಮೂವರಿಗೆ ಕೊಟ್ಟ ಟಿಕೆಟ್ಟಿನ ದುಡ್ಡಿಗೆ ಫೋರ್ಟ್ ಬಡಾವಣೆಯ ಉಡುಪಿ ಹೋಟೆಲಿನಲ್ಲಿ ಎಲ್ಲರಿಗೂ ಊಟ ಆಗುತ್ತಿತ್ತು, ಆಯಿತು ಕೂಡ. ಲೆಕ್ಕದಲ್ಲಿಲ್ಲದೆ ಗೆದ್ದದ್ದು ಡಬಲ್ ಡೆಕ್ಕರ್. ಹಳೆಯ ಕೆಂಪು ಬಸ್ಸುಗಳು 2023ರಲ್ಲಿ ನಿಂತವು. ಈಗ ಇರುವುದು ಎಸಿಯದು, ಕರೆಂಟಿನಲ್ಲಿ ಓಡುವುದು. ಸಿಎಸ್‌ಎಂಟಿ ಸ್ಟೇಷನ್ನಿನಿಂದ (ಹಳೆಯ ವಿ.ಟಿ.) ನರಿಮನ್ ಪಾಯಿಂಟ್ ಕಡೆಗೆ ಹೋಗುವ ಬಸ್ಸಿನ ಮೇಲಂತಸ್ತಿನ ಮುಂದಿನ ಸೀಟು ಸಿಕ್ಕಿತು. ಮರದ ಟೊಂಗೆ ಗಾಜಿಗೆ ಬಡಿಯುವಾಗಲೆಲ್ಲ ಅಕ್ಕ ತಲೆ ತಗ್ಗಿಸುತ್ತಿದ್ದಳು. ಕೊನೆಯ ಸ್ಟಾಪಿನಲ್ಲಿ ಇಳಿಯಲು ಒಪ್ಪದೆ, ಇನ್ನೊಂದು ಟಿಕೆಟ್ ತೆಗೆಸಿ ಅದರಲ್ಲೇ ವಾಪಸ್. ಹೋಗಿಬರಲು ಮೂವರಿಗೆ ನೂರರ ಒಳಗೆ. 24,000ದ ಶೀಟಿನಲ್ಲಿ ಇದು ಇರಲಿಲ್ಲ.

ಮಂಗಳವಾರ ಮುಂಬೈ ಸೆಂಟ್ರಲ್ ಎದುರಿನ ಮರಾಠಾ ಮಂದಿರ ಟಾಕೀಸು. 1995ರಿಂದ ಒಂದೇ ಸಿನಿಮಾ, ಶಾರುಖ್-ಕಾಜೋಲರ 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ', ಹನ್ನೊಂದೂವರೆಯ ಆಟ, ಟಿಕೆಟ್ಟು ಐವತ್ತರ ಸುತ್ತ. ಈ ದರಕ್ಕೆ ಮಾರ್ಚಿನ ಬಿಸಿಲಿನಲ್ಲಿ ಕೂರಲು ತಂಪು ಕುರ್ಚಿಯೇ ಸಿಗುವುದಿಲ್ಲ. ತೊಡಕು ಒಂದೇ, ಸಿನಿಮಾ ಮೂರು ತಾಸಿನ ಮೇಲಿದೆ, ಅಕ್ಕನ ಊಟ ಒಂದಕ್ಕೆ. ಕತೆ ಟಿವಿಯಲ್ಲಿ ನೋಡಿದ್ದೇ, ಹಾಗಾಗಿ ಇಂಟರ್‌ವಲ್ಲಿಗೇ ಎದ್ದು ಬಂದೆವು. ಹಿಂದಿನ ಸಾಲಿನ ಹುಡುಗರು ಡೈಲಾಗನ್ನು ಪರದೆಗಿಂತ ಮೊದಲೇ ಹೇಳುತ್ತಿದ್ದದ್ದು ಅಕ್ಕನಿಗೆ ಸಿನಿಮಾಕ್ಕಿಂತ ಹಿಡಿಸಿತು. ಭಾವ ಒಂದು ನಿದ್ದೆ ತೆಗೆದಿದ್ದರು.

ಅಲ್ಲಿಂದ ತಾರ್‌ದೇವ್ ಹತ್ತಿರವೇ. 1963ರ ಸ್ವಾತಿ ಸ್ನ್ಯಾಕ್ಸ್. ಇದು ಹೊಸ ಊಟದ ದಿನ, ಆದ್ದರಿಂದ ವಾರದ ನಡುವೆ ಇಟ್ಟದ್ದು. ಶನಿ-ಭಾನು ಹೋದರೆ ಸಾಲಿನಲ್ಲೇ ಅರ್ಧ ದಿನ. ಪಾನ್ಕಿ ತರಿಸಿದೆ. ಎರಡು ಬಾಳೆಎಲೆ ತುಂಡಿನ ನಡುವೆ ಅಕ್ಕಿ ಹಿಟ್ಟು ತೆಳುವಾಗಿ ಹಚ್ಚಿ ಬೇಯಿಸಿದ್ದು. ಅಕ್ಕ ಎಲೆಯ ಒಂದು ಮೂಲೆ ಹಿಡಿದು ನಿಧಾನ ಸುಲಿದಳು, ಎಲೆಯ ನರಗಳ ಗೆರೆ ಹಿಟ್ಟಿನ ಮೇಲೆ ಹಾಗೇ ಮೂಡಿತ್ತು. ಹಿಟ್ಟು ಹುಳಿ ಬಂದಿದೆಯೋ, ಮಜ್ಜಿಗೆ ಹಾಕಿದ್ದೋ ಅಂತ ಮೂಸಿ ನೋಡಿ, ಎಲೆ ಬಾಡಿಸಿದ್ದಾರೋ ಇಲ್ಲವೋ ಅಂತ ತಿರುಗಿಸಿ ನೋಡಿ, ಇನ್ನೊಂದು ತಟ್ಟೆ ಹೇಳಿಸಿದಳು. ತಿಂಡಿ-ಪಾನಕ ಎಲ್ಲ ಸೇರಿ ಬಿಲ್ಲು 1,300 ಚಿಲ್ಲರೆ. ಆ ಪ್ರವಾಸದ ಅತಿ ದುಬಾರಿ ಊಟ, ಆದರೆ ಒಂದು ಚೂರೂ ಎಲೆಯಲ್ಲಿ ಉಳಿಯಲಿಲ್ಲ. ಗೊತ್ತಿರುವ ಕೊಟ್ಟೆ ಕಡಬಿಗೆ ಎರಡು ಹೆಜ್ಜೆ ದೂರದ್ದು ಕೊಟ್ಟರೆ ನಾಲಿಗೆ ತಾನೇ ದಾಟಿಕೊಂಡು ಹೋಗುತ್ತದೆ. ಹತ್ತು ಹೆಜ್ಜೆ ದೂರದ್ದು ಕೊಟ್ಟರೆ ಮೊಸರನ್ನವೇ ಗತಿ.

ಲೋಕಲ್ ವಿಷಯ ಒಂದು ಮಾತು. ಎಸಿ ಲೋಕಲ್ ಮಾತ್ರ, ಹನ್ನೊಂದರ ಆಚೆ-ನಾಲ್ಕರ ಈಚೆ ಆದಷ್ಟೂ. ಬಾಗಿಲು ತಾನೇ ಮುಚ್ಚುತ್ತದೆ, ಅಕ್ಕನನ್ನು ಹೆಂಗಸರ ಬೇರೆ ಡಬ್ಬಿಗೆ ಕಳಿಸಿ ಎದೆ ಹೊಡೆದುಕೊಳ್ಳುವ ಕೆಲಸವಿಲ್ಲ. ಎಸಿಗೆಂದು ಒಟ್ಟು ಸಾವಿರದಷ್ಟು ಹೆಚ್ಚಿಗೆ ಹೋಗಿರಬೇಕು. ಉಳಿತಾಯ ಮಾಡಬಾರದ ಜಾಗ ಅದು.

ಈಗ ಅಳಿಯ ತನ್ನ ಅತ್ತೆ-ಮಾವನನ್ನು ದೀಪಾವಳಿ ಕಳೆದು ಕಳಿಸುತ್ತಾನಂತೆ, "ಮಾವ, ಅದೇ ಪ್ಲಾನ್ ಹಾಕು" ಅಂತ. ಅದೇ ಆಗುವುದಿಲ್ಲ. ಅವರು ಶಿವಮೊಗ್ಗದವರು, ಮೀನು ತಿನ್ನುವವರು, ಮಾವನವರಿಗೆ ನಾಟಕದ ಗಂಧ ಇಲ್ಲ, ಕ್ರಿಕೆಟ್ ಹುಚ್ಚು. ಮ್ಯೂಸಿಯಂ ತೆಗೆದು ಓವಲ್ ಮೈದಾನದ ಬೇಲಿ ಪಕ್ಕ ಒಂದು ಮಧ್ಯಾಹ್ನ ಇಟ್ಟಿದ್ದೇನೆ, ಅದಕ್ಕೆ ಟಿಕೆಟ್ಟೂ ಇಲ್ಲ. ಊಟಕ್ಕೆ ಫೋರ್ಟಿನ ಮಂಗಳೂರು ಕಡೆಯ ಮೀನಿನ ಹೋಟೆಲುಗಳಲ್ಲಿ ಒಂದು. ಯಾವುದು ಅಂತ ಇನ್ನೂ ನಿಕ್ಕಿ ಮಾಡಿಲ್ಲ, ಮುಂದಿನ ವಾರ ನಾನೇ ಒಬ್ಬನೇ ಹೋಗಿ ಕಾಣೆ ಫ್ರೈ ತಿಂದು ನೋಡಿಬರಬೇಕು. ಆ ಖರ್ಚು ಅಳಿಯನ ಲೆಕ್ಕಕ್ಕೆ.