ಲೋಡರಿಗೆ ಬಕೆಟ್ ಒಂದೇ ಸಾಕಾ?

ಟ್ರ್ಯಾಕ್ಟರಿನ ಮುಂದೆ ಭಾರ ಎತ್ತುವ ಲೋಡರ್ ಕೂರಿಸಿದರೆ ಅದರ ಜೊತೆ ಬರುವುದು ಒಂದು ಬಕೆಟ್. ಮಣ್ಣು, ಮರಳು, ಜಲ್ಲಿಗೆ ಅದು ಒಳ್ಳೆಯದೇ. ಆದರೆ ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯ ಅಡಿಕೆ ತೋಟದವರು ಎತ್ತುವುದು ಮಣ್ಣನ್ನು ಮಾತ್ರವಾ? ಹಟ್ಟಿಗೊಬ್ಬರ ಇದೆ, ಸೋಗೆ ಇದೆ, ತೆಂಗಿನ ಮಡಲು ಇದೆ. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದ ಬ್ಯಾರಲ್ ಇದೆ, ಅಂಗಳ ತುಂಬ ಹರಡಿದ ಅಡಿಕೆ ಇದೆ.

ಹಟ್ಟಿಗೊಬ್ಬರವನ್ನೇ ನೋಡಿ. ನಮ್ಮಲ್ಲಿ ಹಟ್ಟಿಗೆ ಗುಡ್ಡದ ಸೊಪ್ಪು ಹಾಕುವುದು. ದನಗಳು ತುಳಿದು ತುಳಿದು ಸೊಪ್ಪು, ಕಡ್ಡಿ, ಸೆಗಣಿ ಎಲ್ಲ ಸೇರಿ ಚಾಪೆಯ ಹಾಗೆ ಹೆಣೆದುಕೊಂಡಿರುತ್ತದೆ. ಬಕೆಟಿನ ಬಾಯಿ ಅದರೊಳಗೆ ಇಳಿಯುವುದೇ ಇಲ್ಲ. ಮೇಲೆಯೇ ಜಾರುತ್ತದೆ, ಇಲ್ಲವೇ ಇಡೀ ರಾಶಿಯನ್ನು ಗೋಡೆಗೆ ದೂಡುತ್ತದೆ. ಅಲ್ಲಿ ಬೇಕಾದದ್ದು ಮುಳ್ಳು, ಅಂದರೆ ಫೋರ್ಕಿನ ಹಾಗೆ ಮುಂದಕ್ಕೆ ಚಾಚಿದ ಸರಳುಗಳ ಸಾಲು. ಅದನ್ನು ಮಾಡಲು ಹೊರಟದ್ದು, ಆಮೇಲೆ ಒಂದೊಂದಾಗಿ ಬೇರೆಯವೂ ಬಂದವು.

ಕಬ್ಬಿಣ ತರುವ ಮೊದಲು ಒಂದು ಲೆಕ್ಕ ಮಾಡಿಕೊಂಡೆ. ಇದನ್ನು ಮಾಡದೆ ಯಾರೂ ವೆಲ್ಡಿಂಗ್ ಶುರು ಮಾಡಬೇಡಿ. ನನ್ನದು 35 ಎಚ್‌ಪಿ ಟ್ರ್ಯಾಕ್ಟರ್. ಲೋಡರ್ ಎತ್ತುವುದು 500 ಕೆಜಿ. ಆದರೆ ಆ 500 ಕೆಜಿ ಅನ್ನುವುದು ಬಕೆಟ್ ಸಿಕ್ಕಿಸುವ ಪಿನ್ನಿನ ಹತ್ತಿರ ಮಾತ್ರ. ಲೋಡರಿನ ಕೈಯ ಬುಡದಿಂದ ಆ ಪಿನ್ನಿಗೆ 2 ಮೀಟರ್ ದೂರ. 500ನ್ನು 2ರಿಂದ ಗುಣಿಸಿದರೆ 1000. ಕೈಯಲ್ಲಿರುವ ಒಟ್ಟು ಬಂಡವಾಳ ಇದು, ಎಲ್ಲ ಖರ್ಚೂ ಇದರಲ್ಲೇ ಆಗಬೇಕು. ನಾವು ಮಾಡಿದ ಮುಳ್ಳು 90 ಕೆಜಿ ಇದೆ, ಅದರ ತೂಕದ ನಡುಭಾಗ ಪಿನ್ನಿನಿಂದ 40 ಸೆಂಟಿಮೀಟರ್ ಮುಂದೆ ಇದೆ ಅಂತ ಇಟ್ಟುಕೊಳ್ಳಿ. 90 ಗುಣಿಸು 2.4, ಅಂದರೆ 216 ಅಲ್ಲಿಗೇ ಹೋಯಿತು. ಉಳಿದದ್ದು 784. ಗೊಬ್ಬರದ ಹೊರೆಯ ನಡುಭಾಗ ಪಿನ್ನಿನಿಂದ 60 ಸೆಂಟಿಮೀಟರ್ ಮುಂದೆ ಇರುತ್ತದೆ. 784ನ್ನು 2.6ರಿಂದ ಭಾಗಿಸಿ. ಸಿಕ್ಕಿದ್ದು ಬರೀ 300 ಕೆಜಿ!

ಇದೇ ಮುಳ್ಳನ್ನು 50 ಕೆಜಿಯಲ್ಲಿ ಮುಗಿಸಿದರೆ 338 ಕೆಜಿ ಎತ್ತಬಹುದು. ತೂಕ ಇಳಿಸದೆ, ಎಲ್ಲವನ್ನೂ 15 ಸೆಂಟಿಮೀಟರ್ ಹಿಂದಕ್ಕೆ ತಂದರೂ 325 ಆಗುತ್ತದೆ. ನಮ್ಮ ಕಡೆ ಗ್ಯಾರೇಜಿನಲ್ಲಿ "ಇನ್ನೊಂದು ಪಟ್ಟಿ ಕೊಡುವ, ಗಟ್ಟಿ ಇರ್ಲಿ" ಅನ್ನುವುದು ಅಭ್ಯಾಸ. ಗಟ್ಟಿ ಮಾಡುತ್ತಾ ಹೋದರೆ ಕೊನೆಗೆ ಲೋಡರ್ ತನ್ನ ಮುಳ್ಳನ್ನೇ ಎತ್ತಿಕೊಂಡು ತಿರುಗಾಡಬೇಕು. ತೂಕ ಅಂದಾಜು ಮಾಡುವುದು ಕಷ್ಟ ಅಲ್ಲ. ದುಂಡು ಸರಳಾದರೆ ಎಂಎಂ ಲೆಕ್ಕದ ಅಡ್ಡಳತೆಯನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಬರುತ್ತದೆ. ಪ್ಲೇಟಾದರೆ ಒಂದು ಚದರ ಮೀಟರಿಗೆ ಪ್ರತಿ ಎಂಎಂ ದಪ್ಪಕ್ಕೆ 7.85 ಕೆಜಿ.

ಮೊದಲು ಮಾಡಿದ್ದು ಮುಳ್ಳಲ್ಲ, ಎಲ್ಲವನ್ನೂ ಸಿಕ್ಕಿಸುವ ಚೌಕಟ್ಟು. ಬಕೆಟ್ ಬಿಚ್ಚಿ ನೋಡಿದರೆ ಹಿಂದೆ ಪಿನ್ನು ಹೋಗುವ ಕಿವಿಗಳು ಕಾಣುತ್ತವೆ. ಕೆಳಗಿನವು ಲೋಡರಿನ ಕೈಗೆ, ಮೇಲಿನವು ಬಕೆಟ್ ಮಗುಚುವ ಸಿಲಿಂಡರಿಗೆ. ಈ ಚೌಕಟ್ಟು ಯಾವಾಗಲೂ ಲೋಡರಿನಲ್ಲೇ ಇರುತ್ತದೆ. ಅದರ ಮೇಲ್ಗಡೆ ಅಡ್ಡಕ್ಕೆ ಒಂದು ದಪ್ಪ ಸರಳು. ಮುಳ್ಳಿಗೋ ಅಡಿಕೆ ದೂಡುವ ಹಲಗೆಗೋ ಹಿಂದೆ ಎರಡು ಕೊಕ್ಕೆ. ಟ್ರ್ಯಾಕ್ಟರ್ ಮುಂದೆ ತಂದು, ಸರಳನ್ನು ಕೊಕ್ಕೆಯ ಅಡಿಗೆ ತೂರಿಸಿ, ಮೇಲೆತ್ತಿ ಹಿಂದಕ್ಕೆ ವಾಲಿಸಿದರೆ ಅದು ತಾನಾಗಿ ಬಂದು ಕೂರುತ್ತದೆ. ಕೆಳಗೆ ಎರಡು ಪಿನ್ನು ಹಾಕಿದರೆ ಮುಗಿಯಿತು. ಪಿನ್ನು ಹಾಕುವುದನ್ನು ಮಾತ್ರ ಮರೆಯುವ ಹಾಗಿಲ್ಲ. ಇಲ್ಲದಿದ್ದರೆ ಮುಂದೆ ವಾಲಿಸಿದ ಕೂಡಲೇ ಕಳಚಿ ಬೀಳುತ್ತದೆ.

ಇದಕ್ಕೆ ವಿರುದ್ಧ ವಾದವೂ ಉಂಟು. ಚೌಕಟ್ಟೇ 25 ಕೆಜಿ ತಿನ್ನುತ್ತದೆ, ಪ್ರತಿಯೊಂದಕ್ಕೂ ಬಕೆಟಿನ ಹಾಗೆ ನೇರ ಕಿವಿ ಕೊಟ್ಟರೆ ಅಷ್ಟು ಉಳಿಯುತ್ತಲ್ಲ ಅಂತ. ಸರಿಯೇ. ಆದರೆ ನೇರ ಪಿನ್ನು ಬಡಿದು ತೆಗೆಯುವ ಕೆಲಸ ಒಬ್ಬನಿಂದ ಆಗುವುದಲ್ಲ. ಬಿಚ್ಚುವುದು ಕಷ್ಟ ಅಂತಾದರೆ ಮುಳ್ಳು ಶೆಡ್ಡಿನ ಮೂಲೆ ಸೇರುತ್ತದೆ, ನಾವು ಮತ್ತೆ ಬಕೆಟಿನಲ್ಲೇ ಗೊಬ್ಬರ ಎಳೆಯುತ್ತೇವೆ.

ಕಿವಿಗಳಿಗೆ 12 ಎಂಎಂ ಪ್ಲೇಟು ಹಾಕಿದೆವು. ಅಳತೆ ತೆಗೆಯುವಾಗ ಟೇಪನ್ನು ನಂಬಿಕೊಂಡು ಕೂರಲಿಲ್ಲ. ದಪ್ಪ ರಟ್ಟನ್ನು ಬಕೆಟಿನ ಕಿವಿಗೆ ಒತ್ತಿ, ತೂತುಗಳನ್ನು ಪೆನ್ಸಿಲಿನಿಂದ ಎಳೆದು, ಅದನ್ನೇ ಪ್ಲೇಟಿನ ಮೇಲಿಟ್ಟು ಗುರುತು ಮಾಡಿದ್ದು. ತೂತು ಗ್ಯಾಸಿನಲ್ಲಿ ಕೊರೆಯಬಾರದು, ಡ್ರಿಲ್ಲಿನಲ್ಲೋ ಲೇತಿನಲ್ಲೋ ಆಗಬೇಕು. ಗ್ಯಾಸಿನ ತೂತು ಅಂಕುಡೊಂಕು, ಅದರಲ್ಲಿ ಪಿನ್ನು ಕುಣಿದು ಕುಣಿದು ತೂತು ಇನ್ನೂ ದೊಡ್ಡದಾಗುತ್ತದೆ.

ಎಡಗಡೆ, ಬಲಗಡೆಯ ತೂತುಗಳು ಒಂದೇ ನೇರದಲ್ಲಿ ಬರುವುದೇ ಇದರಲ್ಲಿ ನಿಜವಾದ ಕೈಚಳಕ. ವೆಲ್ಡಿಂಗಿನ ಬಿಸಿಗೆ ಕಬ್ಬಿಣ ಎಳೆಯುತ್ತದೆ. ಅದಕ್ಕೆ ಒಂದು ಉಪಾಯ: ಒಂದೇ ಸಾಲಿನ ನಾಲ್ಕೂ ಕಿವಿಗಳ ಮೂಲಕ ಹಾದುಹೋಗುವ ಒಂದೇ ಉದ್ದದ ಸರಳನ್ನು ತೂರಿಸಿ, ಅದು ಒಳಗಿರುವಾಗಲೇ ವೆಲ್ಡಿಂಗ್ ಮಾಡುವುದು. ಮೊದಲು ಚಿಕ್ಕ ಚಿಕ್ಕ ಟ್ಯಾಕ್, ಅಂದರೆ ಚುಕ್ಕೆಯಷ್ಟೇ ವೆಲ್ಡಿಂಗ್. ವೆಲ್ಡಿಂಗ್ ಹುಡುಗನಿಗೆ ಅವಸರ.

"ಅಣ್ಣ, ಫುಲ್ ಹೊಡೀಲಾ?"

"ತಡಿ ಮಾರಾಯ, ಸರಳು ತಿರುಗ್ತದಾ ನೋಡು ಮೊದ್ಲು."

ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಬೇಕು. ಎಡಗಡೆ ಒಂದಿಂಚು, ಬಲಗಡೆ ಒಂದಿಂಚು, ಮತ್ತೆ ತಿರುಗಿಸಿ ನೋಡುವುದು. ಬಿಗಿಯಾಯಿತು ಅಂತ ಕಂಡರೆ ಎದುರು ಬದಿಗೆ ಒಂದು ಟ್ಯಾಕ್ ಕೊಟ್ಟರೆ ಬಿಸಿ ಅದನ್ನು ವಾಪಸ್ ಎಳೆಯುತ್ತದೆ. ಪೂರ್ತಿ ತಣಿಯುವ ತನಕ ಸರಳು ತೆಗೆಯಲಿಲ್ಲ. ಬೇಸರದ ಕೆಲಸ ಹೌದು, ಆದರೆ ಆಮೇಲೆ ಪಿನ್ನುಗಳು ಬೆರಳಿನಲ್ಲಿ ದೂಡಿದರೆ ಒಳಗೆ ಹೋಗುತ್ತವೆ.

ವೆಲ್ಡಿಂಗ್ ರಾಡಿನ ವಿಷಯದಲ್ಲಿ ಕರಾವಳಿಯವರಿಗೆ ಒಂದು ಕಿರಿಕಿರಿ ಇದೆ. ಕಿವಿ, ಕೊಕ್ಕೆಯಂಥ ಪೆಟ್ಟು ಬೀಳುವ ಜಾಗಕ್ಕೆ 7018 ನಂಬರಿನ ರಾಡು ಒಳ್ಳೆಯದು. ಆದರೆ ಅದು ಗಾಳಿಯ ತೇವ ಹೀರುತ್ತದೆ. ತೇವದ ರಾಡಿನಲ್ಲಿ ಹಾಕಿದ ವೆಲ್ಡಿಂಗ್ ಮೇಲಿನಿಂದ ಚಂದ ಕಂಡರೂ ಒಳಗೆ ಬಿರುಕು ಬಿಡಬಹುದು. ನಮ್ಮ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೇ ನೀರು ಬಿಡುತ್ತದೆ, ಇನ್ನು ರಾಡಿನ ಕಥೆ ಕೇಳಬೇಕಾ? ಅಟ್ಟದಲ್ಲಿ ಒಲೆಯ ಬಿಸಿಗೆ ಇಟ್ಟರೆ ಸಾಲದು, ಅದಕ್ಕೆ ಬೇಕಾದ ಬಿಸಿ 300 ಡಿಗ್ರಿಯ ಆಸುಪಾಸು. ಹಾಗಾಗಿ ಮುಖ್ಯ ಕೆಲಸವನ್ನೆಲ್ಲ ಫೆಬ್ರವರಿಯ ಒಣ ಹವೆಗೆ ಇಟ್ಟುಕೊಂಡು, ಹೊಸ ಪ್ಯಾಕೆಟ್ ಒಡೆದು ಅವತ್ತೇ ಮುಗಿಸಿದ್ದು. ಉಳಿದ ಸಣ್ಣಪುಟ್ಟದಕ್ಕೆ 6013 ಸಾಕು. ಇನ್ನೊಂದು, ಹಳೆಯ ಟ್ರಾನ್ಸ್‌ಫಾರ್ಮರ್ ಮೆಷಿನಿನಲ್ಲಿ 7018 ಸರಿಯಾಗಿ ಹತ್ತುವುದಿಲ್ಲ, ಇನ್ವರ್ಟರ್ ಮೆಷಿನ್ ಬೇಕು. ಟ್ರ್ಯಾಕ್ಟರಿಗೆ ಸಿಕ್ಕಿಸಿಯೇ ವೆಲ್ಡಿಂಗ್ ಮಾಡುವುದಾದರೆ ಬ್ಯಾಟರಿಯ ವಯರು ಕಳಚಿ. ಅರ್ತಿಂಗ್ ಕ್ಲಾಂಪನ್ನು ವೆಲ್ಡಿಂಗ್ ಜಾಗದ ಪಕ್ಕದಲ್ಲೇ ಹಿಡಿಸಿ, ದೂರದ ಚಾಸಿಗೆ ಹಿಡಿಸಿದರೆ ಕರೆಂಟು ಬೇರಿಂಗು, ಸಿಲಿಂಡರುಗಳ ಮೂಲಕ ಹಾದುಹೋಗುತ್ತದೆ. ಗುಜರಿಯ ಜಿಐ ಪೈಪಾದರೆ ಮೇಲಿನ ಸತು ಉಜ್ಜಿ ತೆಗೆಯದೆ ಸುಡಬೇಡಿ. ಆ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ.

ಮುಳ್ಳಿಗೆ ಇಎನ್8 ಅನ್ನುವ ಗಟ್ಟಿ ಉಕ್ಕಿನ ಸರಳು, 32 ಎಂಎಂ. 25 ಎಂಎಂ ಸಾಕಲ್ವಾ ಅಂತ ಎಲ್ಲರೂ ಕೇಳಿದರು. 25ರದ್ದು ಮೀಟರಿಗೆ 3.9 ಕೆಜಿ, 32ರದ್ದು 6.3 ಕೆಜಿ. ತೂಕ ಜಾಸ್ತಿ ಆಯಿತು, ನಿಜ. ಆದರೆ ಬಾಗದೆ ನಿಲ್ಲುವ ಬಲ ಎರಡು ಪಟ್ಟು ಆಗುತ್ತದೆ. ಹಾಗಾಗಿ ದಪ್ಪ ಸರಳು ಹಾಕಿ ಸಂಖ್ಯೆ ಕಡಿಮೆ ಮಾಡಿದೆ. 20 ಸೆಂಟಿಮೀಟರಿಗೆ ಒಂದರಂತೆ ಆರು ಮುಳ್ಳು. ಸೊಪ್ಪಿನ ಗೊಬ್ಬರ ಹೆಣೆದುಕೊಂಡೇ ಇರುವುದರಿಂದ ಆ ಸಂದಿಯಲ್ಲಿ ಉದುರುವುದಿಲ್ಲ. ಹುಡಿ ಗೊಬ್ಬರಕ್ಕೆ ಹೇಗೂ ಬಕೆಟ್ ಇದೆ.

ಈ ಸರಳುಗಳನ್ನು ಹಿಂದಿನ ಅಡ್ಡ ಕಬ್ಬಿಣಕ್ಕೆ ನೇರ ವೆಲ್ಡಿಂಗ್ ಮಾಡಿಲ್ಲ. ಸರಳು ಜಾಸ್ತಿ ಬಾಗುವುದು ಅದರ ಬುಡದಲ್ಲಿ. ಅಲ್ಲೇ ವೆಲ್ಡಿಂಗ್ ಇದ್ದರೆ ಮುರಿಯುವುದೂ ಅಲ್ಲೇ. ಸರಳು ಸಲೀಸಾಗಿ ಹೋಗುವ ದಪ್ಪ ಪೈಪನ್ನು 20 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಎರಡು ಅಡ್ಡ ಚಾನಲ್‌ಗಳ ನಡುವೆ ಆ ಪೈಪುಗಳನ್ನು ವೆಲ್ಡಿಂಗ್ ಮಾಡಿದ್ದು. ಮುಳ್ಳು ಅದರೊಳಗೆ ಹೋಗುತ್ತದೆ. ಹಿಂದಿನ ತುದಿಗೆ ಲೇತಿನಲ್ಲಿ 24 ಎಂಎಂ ಮರೆ (ನಟ್ಟು ತಿರುಗುವ ತಿರುಪು) ಹಾಕಿಸಿ ನಟ್ಟು ಬಿಗಿದಿದ್ದೇನೆ. ಹೊರಗೆ ಉಳಿದದ್ದು 80 ಸೆಂಟಿಮೀಟರ್. ಒಂದು ಬಾಗಿದರೆ ನಟ್ಟು ಬಿಚ್ಚಿ ಬೇರೆ ಹಾಕಬಹುದು. ಬಾಗುವುದಿಲ್ಲ ಅಂತಲ್ಲ, ಒಂದೇ ಮುಳ್ಳಿನ ತುದಿಯನ್ನು ಮರದ ಬುಡಕ್ಕೆ ಸಿಕ್ಕಿಸಿ ಎತ್ತಿದರೆ ಯಾವ ಸರಳೂ ಬಾಗುತ್ತದೆ.

ಲಾರಿಯ ಕಮಾನು ಪಟ್ಟಿ ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಅದರಲ್ಲೇ ಮುಳ್ಳು ಮಾಡಿ ಅನ್ನುವವರಿದ್ದಾರೆ. ಅದು ಸ್ಪ್ರಿಂಗಿನ ಉಕ್ಕು. ಸುಮ್ನೆ ವೆಲ್ಡಿಂಗ್ ಮಾಡಿದರೆ ವೆಲ್ಡಿಂಗಿನ ಪಕ್ಕದ ಜಾಗ ಗಡುಸಾಗಿ ಬಿಡುತ್ತದೆ. ಆಮೇಲೆ ಬಾಗುವುದಿಲ್ಲ, ಒಮ್ಮೆಲೇ ತುಂಡಾಗುತ್ತದೆ. ನಾನು ಕಮಾನು ಪಟ್ಟಿಯನ್ನು ಬಕೆಟಿನ ಬಾಯಿಗೆ ಬೋಲ್ಟು ಹಾಕಿ ಕೂರಿಸಿದ್ದೇನೆ. ಸವೆತಕ್ಕೆ ಅದು ಬಹಳ ಒಳ್ಳೆಯದು.

ಇನ್ನು ಅಡಿಕೆ ದೂಡುವ ಹಲಗೆ. ಇದನ್ನು ನೋಡಿ ನಕ್ಕವರೇ ಜಾಸ್ತಿ. ಅಡಿಕೆ ಅಂಗಳದಲ್ಲಿ ಒಂದೂವರೆ ತಿಂಗಳ ಹತ್ತಿರ ಒಣಗಬೇಕು. ನವೆಂಬರಿನಲ್ಲಿ ಮಧ್ಯಾಹ್ನ ಬಿಸಿಲು ಸುಡುತ್ತಿರುತ್ತದೆ, ಸಂಜೆಗೆ ಗುಡುಗು. ಆಗ ಮನೆಮಂದಿಯೆಲ್ಲ ಹಲಗೆ, ಹಿಡಿಸೂಡಿ ಹಿಡಿದು ಓಡಬೇಕು. ಲೋಡರಿಗೆ 7 ಅಡಿ ಅಗಲದ ಒಂದು ಹಲಗೆ ಮಾಡಿದೆ. ಅದರ ಚೌಕಟ್ಟು ಮಾತ್ರ ಕಬ್ಬಿಣದ ಆಂಗಲ್, ಹಲಗೆ 12 ಎಂಎಂ ಪ್ಲೈವುಡ್. ಎರಡು ಬದಿಗೆ ಮುಂದಕ್ಕೆ ಚಾಚಿದ ರೆಕ್ಕೆ, ಅಡಿಕೆ ಪಕ್ಕಕ್ಕೆ ತಪ್ಪಿಸಿಕೊಳ್ಳದ ಹಾಗೆ. ಅಡಿಭಾಗಕ್ಕೆ ಗುಜರಿಯಿಂದ ತಂದ ಕನ್ವೇಯರ್ ಬೆಲ್ಟಿನ ತುಂಡು. ಅಂಗಳ ಸಮ ಇರುವುದಿಲ್ಲವಲ್ಲ, ಅದಕ್ಕೆ ಹಲಗೆಯ ಬೋಲ್ಟುಗಳಿಗೆ ಉದ್ದುದ್ದ ತೂತು ಕೊಟ್ಟಿದ್ದೇನೆ. ನೆಲ ಏರಿದರೆ ಹಲಗೆ ತಾನೇ ಮೇಲೇಳುತ್ತದೆ, ತಗ್ಗಿದರೆ ಇಳಿಯುತ್ತದೆ. ಹಲಗೆ ಟಯರಿಗಿಂತ ಅಗಲ ಇರುವುದರಿಂದ ಟಯರು ಖಾಲಿ ನೆಲದ ಮೇಲೆಯೇ ಹೋಗುತ್ತದೆ, ಅಡಿಕೆ ಮೆಟ್ಟುವುದಿಲ್ಲ. ಟಾರ್ಪಾಲಿನ ಮೇಲೆ ಒಣಗಿಸುವವರಿಗೆ ಇದು ಆಗದು, ಟಾರ್ಪಾಲೇ ಸುರುಳಿಯಾಗಿ ಬರುತ್ತದೆ.

ತೋಟದೊಳಗೆ ಇದ್ಯಾವುದೂ ನಡೆಯುವುದಿಲ್ಲ. ಕೂಡ್ಲಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಶಿಫಾರಸಿನ ಪ್ರಕಾರ ನೆಟ್ಟರೂ ಅಡಿಕೆ ಮರಗಳ ನಡುವೆ 2.7 ಮೀಟರ್ ಅಂತರ, ಅದರಲ್ಲಿ ನೀರು ಹೋಗುವ ಕಣಿ ಬೇರೆ. ಲೋಡರಿನ ಕೆಲಸ ತೋಟದ ಬದಿಯ ದಾರಿಯ ತನಕ.

ಬ್ಯಾರಲ್, ಮರದ ದಿಮ್ಮಿ ಎತ್ತುವುದಕ್ಕೆ ಒಂದು ಉದ್ದ ಕೊಕ್ಕೆ ಮಾಡಿದ್ದೇನೆ. ಅದರ ಬಗ್ಗೆ ಹೇಳುವುದು ಹೆಚ್ಚಿಲ್ಲ. ಪಿನ್ನಿನಿಂದ 1.2 ಮೀಟರ್ ಚಾಚಿದರೆ ಮೇಲಿನ ಲೆಕ್ಕದಲ್ಲೇ 300ಕ್ಕಿಂತ ಕಡಿಮೆ ಎತ್ತುತ್ತದೆ, ಅಷ್ಟು ನೆನಪಿಟ್ಟರೆ ಸಾಕು.

ಮುಂದೆ ಭಾರ ಬಂದರೆ ಹಿಂದಿನ ಟಯರು ಹಗುರ ಆಗುತ್ತದೆ. ನಮ್ಮದು ಗುಡ್ಡ ಇಳಿದು ಬೈಲಿಗೆ ಹೋಗುವ ದಾರಿ, ಅಲ್ಲಿ ಇದು ತಮಾಷೆಯಲ್ಲ. 200 ಲೀಟರಿನ ಹಳೆಯ ಡ್ರಮ್ಮಿಗೆ ಅರ್ಧದಷ್ಟು ಕಾಂಕ್ರೀಟ್ ತುಂಬಿ ಹಿಂದೆ ತೂಗಿಸಿದ್ದೇನೆ. ಸುಮಾರು 240 ಕೆಜಿ ಬರುತ್ತದೆ. ಕಾಂಕ್ರೀಟ್ ಹಾಕುವ ಮೊದಲೇ ಟ್ರ್ಯಾಕ್ಟರಿನ ಹಿಂದೆ ಉಪಕರಣ ಸಿಕ್ಕಿಸುವ ಲಿಂಕಿಗೆ ಸರಿಯಾಗುವ 22 ಎಂಎಂ ತುದಿಯ ಅಡ್ಡ ಸರಳನ್ನು ಡ್ರಮ್ಮಿನಲ್ಲಿ ತೂರಿಸಿರಬೇಕು. ಭಾರ ಹೊತ್ತು ಇಳಿಜಾರು ಇಳಿಯುವಾಗ ರಿವರ್ಸಿನಲ್ಲಿ ಇಳಿಯಿರಿ, ಹೊರೆ ಗುಡ್ಡದ ಕಡೆಗೇ ಇರಲಿ, ನೆಲಕ್ಕೆ ಆದಷ್ಟು ಹತ್ತಿರ.

ಇದೆಲ್ಲ ನೋಡಿ ಪಕ್ಕದ ತೋಟದ ಭಾವನವರಿಗೆ ಬೇರೆಯೇ ಆಸೆ ಹುಟ್ಟಿತು.

"ಭಾವ, ಮನುಷ್ಯ ನಿಲ್ಲುವಂಥ ಒಂದು ಗೂಡು ಮಾಡಿದ್ರೆ ಒಳ್ಳೆಮೆಣಸು ಕೊಯ್ಲಿಕ್ಕೆ ಆಗ್ತಿತ್ತಲ್ಲ?"

"ಆಗ್ತದೆ ಭಾವ. ಆದ್ರೆ ಪೈಪು ಒಡೆದ್ರೆ ಮೆಣಸಿಗಿಂತ ಮೊದ್ಲು ನೀವು ಕೆಳಗೆ."

ಅವರು ನಕ್ಕರು, ನಾನು ಮಾತ್ರ ಮಾಡಲಿಲ್ಲ. ಲೋಡರಿನ ಸಿಲಿಂಡರಿಗೆ ಎಣ್ಣೆ ತಡೆಹಿಡಿಯುವ ಲಾಕ್ ವಾಲ್ವ್ ಸಾಮಾನ್ಯವಾಗಿ ಇರುವುದಿಲ್ಲ. ರಬ್ಬರ್ ಪೈಪು ಒಡೆದರೆ ಕೈ ಒಮ್ಮೆಲೇ ಬೀಳುತ್ತದೆ. ಸೋಗೆ ಕಚ್ಚಿ ಹಿಡಿಯುವ ಹಿಡಿಕೆಯ ಆಸೆ ನನಗೂ ಇದೆ. ಅದಕ್ಕೆ ಇನ್ನೊಂದು ಸಿಲಿಂಡರು, ವಾಲ್ವು ಬೇಕು. ಅದನ್ನು ಮನೆಯಲ್ಲಿ ಮಾಡುವುದಲ್ಲ, ಸಿದ್ಧ ಸಿಗುವುದನ್ನೇ ತಂದು ಹಾಕಬೇಕು. ಪೈಪಿನಲ್ಲಿ ಸೋರಿಕೆ ಇದೆಯಾ ಅಂತ ಬೆರಳಿನಿಂದ ಸವರಿ ನೋಡುವ ಅಭ್ಯಾಸ ಇದ್ದರೆ ಈಗಲೇ ಬಿಡಿ. ಕೂದಲೆಳೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಒಂದು ರಟ್ಟು ಹಿಡಿದು ನೋಡಿ, ಒದ್ದೆಯಾದರೆ ಲೋಡರನ್ನು ನೆಲಕ್ಕೆ ಇಳಿಸಿ, ಎಂಜಿನ್ ಆಫ್ ಮಾಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.